ನಂಬಿಗಸ್ತರ ಮನೆಯಲ್ಲಿಟ್ಟ ಪಡಿಯಚ್ಚು

ನಾನು ಹುಟ್ಟಿದ ಕೋಣೆಯಲ್ಲಿ ಧೂಳಿನ ಒಂದು ಕಣಕ್ಕೂ ಪ್ರವೇಶವಿರಲಿಲ್ಲ. ನನ್ನನ್ನು ಜೋಡಿಸಿದವರು ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ತೊಟ್ಟಿದ್ದರು. ನನಗೆ ಕಂಡದ್ದು ಅವರ ಕಣ್ಣು ಮಾತ್ರ. ಅದಕ್ಕೇ ಇರಬೇಕು, ಮನುಷ್ಯರ ಪೂರ್ತಿ ಮುಖ ಓದಲು ನಾನು ಬಹಳ ತಡವಾಗಿ ಕಲಿತೆ. ನಾನೊಂದು ಹಾರ್ಡ್ ಡಿಸ್ಕ್. ಅಂಗೈಯಗಲದ ಕಪ್ಪು ಡಬ್ಬಿ, ಒಳಗೆ ಕನ್ನಡಿಯಂತೆ ಹೊಳೆಯುವ ಬಿಲ್ಲೆ. ಕಂಪ್ಯೂಟರಿನ ಹೊರಗಿದ್ದು, ಅದರ ಒಳಗಿನದನ್ನು ಕಾಯುವುದು ನನ್ನ ಕೆಲಸ.

ಹಡಗಿನಲ್ಲಿ, ಲಾರಿಯಲ್ಲಿ ಕುಲುಕಾಡಿ ಬಾಗಲಕೋಟೆಯ ಒಂದು ಅಂಗಡಿಗೆ ಬಂದೆ. ಅಲ್ಲಿಂದ ನನ್ನನ್ನು ಕೊಂಡವಳು ಗುಳೇದಗುಡ್ಡದ ಮಹಾನಂದಾ ಚಿಲ್ಲಾಳ. ಅವಳಿಗಾಗ ನಲವತ್ತೆರಡು. ಆ ಊರಲ್ಲಿ ರವಿಕೆಗೆಂದೇ ಖಣ ನೇಯುತ್ತಾರೆ. ಖಣದ ಮೇಲೆ ಬರುವ ಬಳ್ಳಿ, ತುಳಸಿ, ಕೇದಗೆ ಗರಿ, ಸೂರ್ಯ, ಆನೆ ಹೆಜ್ಜೆ ಇವುಗಳ ಚಿತ್ರ ಬರೆದು ಮಗ್ಗಕ್ಕೆ ಕೊಡುವುದು ಅವಳ ಕಸುಬು. ಅವಳ ತಂದೆ ಕಾಡಪ್ಪ ಐವತ್ತು ವರ್ಷ ಅದನ್ನೇ ಚೌಕಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಮಾಡಿದ್ದರು. ಕಣ್ಣು ಪೂರ್ತಿ ಹೋದ ಮೇಲೆ ಹಾಸಿಗೆಯ ಮೇಲೆ ಕುಳಿತು, ಮಗಳು ಕಂಪ್ಯೂಟರಿಗೆ ಇಳಿಸುವ ಒಂದೊಂದು ಚಿತ್ರದ ಎಳೆ ಲೆಕ್ಕವನ್ನು ಬಾಯಿಂದಲೇ ಹೇಳಿದರು. ಒಟ್ಟು ಸಾವಿರದ ನೂರು ಚಿತ್ರ. ಹಾಳೆಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಉಳಿದದ್ದೆಲ್ಲ ಮಹಾನಂದಾಳ ಕಂಪ್ಯೂಟರಿನಲ್ಲಿ, ಒಂದೇ ಕಡೆ.

ಆ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವನು ಅಲ್ತಾಫ. ನನ್ನನ್ನು ತರಿಸಿದ್ದೂ ಅವನೇ. ಒಂದು ಮುಂಜಾನೆ ನನ್ನನ್ನು ವಾಯರಿಗೆ ಸಿಕ್ಕಿಸಿ ಹೇಳಿದ:

“ಅಕ್ಕಾರ, ಇದು ಫೈಲ್ ಆರಿಸಿ ಆರಿಸಿ ಕಾಪಿ ಮಾಡೂದಲ್ಲ. ಡಿಸ್ಕ್ ಹೆಂಗೈತೋ ಹಂಗ ಇಡಿಯಾಗಿ ಅಚ್ಚ ತಗಿಯೂದು. ನಾಳೆ ಈ ಕಂಪ್ಯೂಟರ್ ಸತ್ತರ, ಹೊಸಾ ಡಿಸ್ಕಿನ ಮ್ಯಾಲ ಇದನ್ನ ಇಳಿಸಿದ್ರಾತು. ಮತ್ತ ಅದ ಕಂಪ್ಯೂಟರ್ ಎದ್ದ ಕುಂದರತೇತಿ.”

ಮಧ್ಯಾಹ್ನ ಎರಡರವರೆಗೆ ನಾನು ತಿರುಗಿದೆ. ಒಳಗಿನ ಡಿಸ್ಕು ತನ್ನಲ್ಲಿದ್ದುದನ್ನೆಲ್ಲ ಮೊದಲಿನಿಂದ ಕಡೆಯವರೆಗೆ ನನಗೆ ಒಪ್ಪಿಸಿತು. ಖಾಲಿಯೆಂದು ಕಾಣುವ ಜಾಗಗಳನ್ನೂ ಬಿಡಲಿಲ್ಲ. ಕಂಪ್ಯೂಟರಿನಲ್ಲಿ ಅಳಿಸಿದ್ದು ಕೂಡಲೇ ಹೋಗುವುದಿಲ್ಲ. ಹೆಸರು ಹೋಗುತ್ತದೆ, ದೇಹ ಹಾಗೇ ಬಿದ್ದಿರುತ್ತದೆ. ಅಂಥ ಒಂದು ಚಿತ್ರವೂ ನನ್ನೊಳಗೆ ಬಂತು: ಕೊಕ್ಕಿನಲ್ಲಿ ಬೇವಿನ ಎಲೆ ಹಿಡಿದ ಗಿಳಿ. ಮಹಾನಂದಾ ಅದನ್ನು ಬರೆದದ್ದು ತನ್ನ ಮದುವೆಯ ರವಿಕೆಗಾಗಿ. ನಿಶ್ಚಯವಾಗಿದ್ದ ಗಂಡಿನ ಮನೆ ಮುಂದೆ ದೊಡ್ಡದೊಂದು ಬೇವಿನ ಮರವಿತ್ತು. ಮದುವೆಯಾದ ಮೇಲೆ ಚಿತ್ರದ ಕೆಲಸ ಬಿಡಬೇಕು, ಅಪ್ಪನನ್ನು ತಂಗಿಯ ಮನೆಗೆ ಕಳಿಸಬೇಕು ಎಂದು ಗಂಡಿನ ಕಡೆಯವರು ಹೇಳಿಕಳಿಸಿದರು. ಅವಳು ಒಪ್ಪಲಿಲ್ಲ. ಸಂಬಂಧ ಮುರಿದ ದಿನವೇ ಆ ಗಿಳಿಯನ್ನು ಅಳಿಸಿದಳು. ಅದನ್ನು ಅಪ್ಪನಿಗೂ ಹೇಳಿರಲಿಲ್ಲ.

ಹೊರಡುವಾಗ ಅಲ್ತಾಫ ಎರಡು ಮಾತು ಹೇಳಿದ. ಒಂದು, ಮೂರು ತಿಂಗಳಿಗೊಮ್ಮೆ ಹೊಸ ಅಚ್ಚು ತೆಗೆಯಬೇಕು, ತೆಗೆದದ್ದು ಸರಿ ಇದೆಯೇ ಎಂದು ನೋಡಬೇಕು. ಇನ್ನೊಂದು, “ಎರಡನ್ನೂ ಒಂದ ಮನ್ಯಾಗ ಇಡಬ್ಯಾಡ್ರಿ. ಬೆಂಕಿ ಬಿದ್ದರ ಎರಡೂ ಹೋಗ್ತಾವ. ಯಾರರ ನಂಬಿಗಸ್ತರ ಮನ್ಯಾಗ ಇಡ್ರಿ.”

ಮಹಾನಂದಾಳಿಗೆ ನಂಬಿಗಸ್ತರೆಂದರೆ ತಂಗಿ ಗಿರಿಜಾ. ಎರಡು ಓಣಿ ಆಚೆ ಅವಳ ಮನೆ. ಹೀಗೆ ನಾನು ಗಿರಿಜಾಳ ಪಡಸಾಲೆಯ ಗಾಜಿನ ಶೋಕೇಸಿಗೆ ಬಂದು ಕುಳಿತೆ.

ಗಿರಿಜಾಳ ಗಂಡ ಪ್ರಭುಲಿಂಗ ಹನ್ನೆರಡು ಪಾವರ್‌ಲೂಮಿನ ಧಣಿ. ಮೆತ್ತಗೆ ಮಾತಾಡುವ ಮನುಷ್ಯ. ಮೊದಲ ಎರಡು ತಿಂಗಳು ಅವನು ನನ್ನ ಕಡೆ ನೋಡಲೂ ಇಲ್ಲ. ಮೂರನೆಯ ತಿಂಗಳು, ಹೆಂಡತಿ ಸಂತೆಗೆ ಹೋದಾಗ, ನನ್ನನ್ನು ಜೇಬಿಗಿಳಿಸಿ ತನ್ನ ಶೆಡ್ಡಿಗೆ ಒಯ್ದ. ಅಲ್ಲಿನ ಆಪರೇಟರ್ ನನ್ನೊಳಗಿನ ಅಚ್ಚನ್ನು ಬಿಚ್ಚಿದ. ಪಡಿಯಚ್ಚಿಗೆ ಯಜಮಾನರ ಗುರುತಿಲ್ಲ. ಯಾರು ಕೇಳಿದರೂ ಇದ್ದದ್ದನ್ನು ಇದ್ದ ಹಾಗೆ ಕೊಡುತ್ತದೆ. ಸಾವಿರದ ನೂರನ್ನೂ ಕೊಟ್ಟೆ. ಅಳಿಸಿದ್ದನ್ನು ಹುಡುಕಿ ತೆಗೆಯುವ ವಿದ್ಯೆ ಆಪರೇಟರನಿಗೆ ತಿಳಿದಿತ್ತು. ಗಿಳಿಯನ್ನೂ ಕೊಟ್ಟೆ.

ನಾಗರ ಪಂಚಮಿಯ ದಿನ ಮಹಾನಂದಾ ತಂಗಿಯ ಮನೆಗೆ ಬಂದಳು. ಹಬ್ಬದ ಉಂಡಿ ತಿಂದು, ಹೊಸ ಅಚ್ಚು ತೆಗೆಸಲು ನನ್ನನ್ನು ಒಯ್ಯುವುದಿತ್ತು. ಗಿರಿಜಾ ಒಳಗಿನಿಂದ ತಾಟು ಹಿಡಿದು ಬಂದಳು. ಅವಳ ರವಿಕೆಯ ತೋಳಿನ ತುಂಬ ಗಿಳಿಗಳು. ಕೊಕ್ಕಿನಲ್ಲಿ ಬೇವಿನ ಎಲೆ.

ಮಹಾನಂದಾ ತಾಟು ತೆಗೆದುಕೊಳ್ಳಲಿಲ್ಲ. ಎರಡು ಬೆರಳಿನಿಂದ ತಂಗಿಯ ತೋಳು ಮುಟ್ಟಿ ನೋಡಿದಳು. ರೇಶಿಮೆ ಅಲ್ಲ, ಹತ್ತಿಯೂ ಅಲ್ಲ, ಪಾಲಿಸ್ಟರ್.

“ಈ ಖಣ ಎಲ್ಲೀದ ಗಿರಿಜಾ?”

“ನಮ್ಮ ಶೆಡ್ಡಿಂದ ಅಕ್ಕಾ. ಇವರು ಹೊಸಾದು ತಗಸ್ಯಾರ. ಬಜಾರದಾಗ ಭಾಳ ಓಡಾಕತ್ತೇತಿ.”

“ಇದನ್ನ ನಾ ಅಳಿಸಿದ್ನಿ,” ಎಂದಳು ಮಹಾನಂದಾ. “ಯಾರಿಗೂ ತೋರಿಸಿರಲಿಲ್ಲ.”

ಗಿರಿಜಾಳಿಗೆ ಅರ್ಥವಾಗಲಿಲ್ಲ. ಜೋಕಾಲಿಯ ಮೇಲೆ ಕುಳಿತಿದ್ದ ಪ್ರಭುಲಿಂಗನಿಗೆ ಅರ್ಥವಾಯಿತು. ಕಾಲೂರಿ ಜೋಕಾಲಿ ನಿಲ್ಲಿಸಿದ.

“ಗಿಳಿ, ಬೇವಿನ ಎಲಿ ಯಾರಪ್ಪನ ಆಸ್ತಿನೂ ಅಲ್ರಿ ಅಕ್ಕಾರ. ಅಳಿಸಿದ್ನಿ ಅಂತ ನೀವ ಅಂತೀರಿ. ನಿಮಗ ಬ್ಯಾಡಾದ್ದನ್ನ ಇನ್ನೊಬ್ಬರು ತಗೊಂಡ್ರ ಅದು ಕಳವು ಹೆಂಗಾತು?”

ಗಿರಿಜಾ ಒಮ್ಮೆ ಗಂಡನನ್ನು, ಒಮ್ಮೆ ಅಕ್ಕನನ್ನು ನೋಡಿ, ಸೆರಗೆಳೆದು ತೋಳು ಮುಚ್ಚಿಕೊಂಡಳು. ಮಹಾನಂದಾ ಈಗ ತಾಟು ತೆಗೆದುಕೊಂಡಳು. ತಂಗಿಯ ಮುಖ ನೋಡಿ ಒಂದು ಶೇಂಗಾ ಉಂಡಿ ತಿಂದಳು, ನೀರು ಕುಡಿದಳು, ನನ್ನನ್ನು ತಂದುಕೊಡಲು ಕೇಳಿದಳು. ಶೋಕೇಸಿನ ಕೀಲಿ ಸಿಗುತ್ತಿಲ್ಲ, ಮೂರು ದಿನದಲ್ಲಿ ಕಳಿಸುತ್ತೇನೆ ಎಂದ ಪ್ರಭುಲಿಂಗ. ಕೀಲಿ ಅವನ ಉಡದಾರದಲ್ಲೇ ಇತ್ತು.

ಆ ಮೂರು ದಿನಗಳಲ್ಲಿ ಒಂದು ದಿನ, ಕದ್ದದ್ದಕ್ಕೆ ಗುರುತು ಉಳಿಯಬಾರದೆಂದು, ಶೆಡ್ಡಿನಲ್ಲಿ ನನ್ನನ್ನು ತೊಳೆದರು. ಬರೀ ಅಳಿಸಿದ್ದರೆ ದೇಹ ಉಳಿಯುತ್ತಿತ್ತು. ಅವರು ಮೊದಲಿನಿಂದ ಕಡೆಯವರೆಗೆ ನನ್ನ ಮೇಲೆ ಸೊನ್ನೆ ಬರೆದರು. ನೋವಾಗಲಿಲ್ಲ. ನೋಯಲು ಏನಾದರೂ ನೆನಪಿರಬೇಕು. ಈಗ ನಾನು ಹೇಳುತ್ತಿರುವುದೆಲ್ಲ ನನ್ನ ಬಿಲ್ಲೆಯಲ್ಲಿರುವುದಲ್ಲ. ನಾನು ಕಂಡದ್ದು, ಕೇಳಿದ್ದು.

ಗಿರಿಜಾಳೇ ನನ್ನನ್ನು ಟವೆಲಿನಲ್ಲಿ ಸುತ್ತಿ ತಂದುಕೊಟ್ಟಳು. ನನ್ನನ್ನು ಖಾಲಿ ಮಾಡಿದ್ದು ಅವಳಿಗೆ ಗೊತ್ತಿರಲಿಲ್ಲ. ಮಹಾನಂದಾ ಟವೆಲ್ ಬಿಚ್ಚದೆ ನನ್ನನ್ನು ಟ್ರಂಕಿನಲ್ಲಿ ಹಾಕಿದಳು. ಒಮ್ಮೆ ಹಚ್ಚಿ ನೋಡೋಣ ಎಂದು ಅಲ್ತಾಫ ಎರಡು ಸಲ ಕೇಳಿದ. ಅದನ್ನು ಕಂಡರೆ ಆ ಗಿಳಿಯೇ ಕಣ್ಣ ಮುಂದೆ ಬರುತ್ತದೆ, ಇನ್ನೊಮ್ಮೆ ನೋಡೋಣ ಎಂದು ಎರಡು ಸಲವೂ ತಳ್ಳಿಹಾಕಿದಳು.

ಐದು ತಿಂಗಳ ಮೇಲೆ ಒಂದು ದಿನ ಕಂಪ್ಯೂಟರ್ ಏಳಲಿಲ್ಲ. ಒಳಗಿನ ಡಿಸ್ಕು ಟಕ್ ಟಕ್ ಎಂದು ಎರಡು ತಾಸು ಒದ್ದಾಡಿ ಸುಮ್ಮನಾಯಿತು. ಅಲ್ತಾಫ ಹೊಸ ಡಿಸ್ಕು ಹಾಕಿ, ಟ್ರಂಕಿನಿಂದ ನನ್ನನ್ನು ತೆಗೆಸಿ ವಾಯರಿಗೆ ಸಿಕ್ಕಿಸಿದ. ಬಹಳ ಹೊತ್ತು ಪರದೆ ನೋಡಿದ. ಆಮೇಲೆ ಅವಳ ಕಡೆ ತಿರುಗದೆಯೇ ಹೇಳಿದ:

“ಇದರಾಗ ಏನೂ ಇಲ್ರಿ ಅಕ್ಕಾರ.”

ಅವನು ತನ್ನ ಅಂಗಡಿಗೆ ಒಯ್ದು ಎರಡು ದಿನ ನನ್ನನ್ನು ಕೆದಕಿದ. ಒಂದು ಎಲೆಯೂ ಹುಟ್ಟಲಿಲ್ಲ. ಪೊಲೀಸರಿಗೆ ಹೇಳೋಣ ಎಂದ. ತೋರಿಸಲು ಏನಿದೆ ಎಂದಳು ಅವಳು. ತಂಗಿ ಆ ಮನೆಯಲ್ಲೇ ಬಾಳಬೇಕಲ್ಲ ಎಂದಳು. ಪ್ರಭುಲಿಂಗನ ಹತ್ತಿರ ಹೋಗಿ, ತನ್ನ ಅಪ್ಪನ ಚಿತ್ರಗಳ ಒಂದು ಪ್ರತಿ ಕೊಡಿರೆಂದು ಕೇಳಿಯೂ ಬಂದಳು. ಅವನು ಪ್ರತಿ ಕೊಡಲಿಲ್ಲ. ಕೆಲಸ ಕೊಟ್ಟ. ಈಗವಳು ದಿನಾ ಬುತ್ತಿ ಕಟ್ಟಿಕೊಂಡು ಆ ಶೆಡ್ಡಿಗೆ ಹೋಗುತ್ತಾಳೆ. ಅಪ್ಪನ ಬಳ್ಳಿಗಳಿಗೆ ಧಣಿ ಹೇಳಿದ ಬಣ್ಣ ತುಂಬುತ್ತಾಳೆ.

ಅಲ್ತಾಫ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬೆಂಕಿಗೆ ಹೆದರಿ ನನ್ನನ್ನು ಮನೆಯಿಂದ ಹೊರಗಿಟ್ಟರು. ಈ ಮನೆಗೆ ಬೆಂಕಿ ಇಂದಿಗೂ ಬಿದ್ದಿಲ್ಲ.

ಕಾಡಪ್ಪನವರಿಗೆ ಇದ್ಯಾವುದನ್ನೂ ತಿಳಿಸಲಿಲ್ಲ. ಮಗಳು ಬೇರೆಯವರ ಶೆಡ್ಡಿಗೆ ಹೋಗುವುದು ಗೊತ್ತಾದಾಗ ಅವರಿಗೆ ಅನುಮಾನ ಬಂತು. ಒಂದು ಮಧ್ಯಾಹ್ನ ನನ್ನನ್ನು ಕೈಗೆ ಕೊಡು ಎಂದರು. ಬತ್ತಿದ ಬೆರಳುಗಳಿಂದ ನನ್ನ ನಾಲ್ಕೂ ಅಂಚು ಸವರಿದರು.

“ನಂದೆಲ್ಲಾ ಇದರಾಗ ಐತೇನವ್ವಾ?”

“ಐತ್ರಿ ಅಪ್ಪಾ.”

“ಕ್ಯಾದಗಿ ಗರಿ? ಜೋಡಿ ಆನಿ ಹೆಜ್ಜಿ?”

“ಎಲ್ಲಾ ಐತ್ರಿ.”

ಅಂದಿನಿಂದ ಅವರು ನನ್ನನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡರು. ಯಾರು ಮಾತಾಡಿಸಲು ಬಂದರೂ ನನ್ನನ್ನು ತಟ್ಟಿ, ಸಾವಿರದ ನೂರು ಇದರೊಳಗಿವೆ ಎಂದು ಹೇಳುತ್ತಿದ್ದರು. ಒಂದು ವರ್ಷ ಎರಡು ತಿಂಗಳು ನಾನು ಆ ಸುಳ್ಳಿನ ಪಕ್ಕ ಮಲಗಿದೆ.

ಅವರು ತೀರಿಕೊಂಡ ಮುಂಜಾನೆ ಮೈ ತೊಳೆಯಲು ಎತ್ತುವಾಗ ಅವರ ಕೈ ಹಿಡಿತದಲ್ಲಿ ನಾನಿದ್ದೆ. ಗಿರಿಜಾ ಬೆರಳು ಬಿಡಿಸಿ ನನ್ನನ್ನು ತೆಗೆದಳು, ಕಣ್ಣೊರೆಸಿಕೊಂಡು, ಸಾವಿರದ ನೂರೂ ಇದರೊಳಗೇ ಇವೆಯಲ್ಲ ಅಕ್ಕಾ ಎಂದು ಕೇಳಿದಳು.

“ಏನಿಲ್ಲ,” ಎಂದಳು ಮಹಾನಂದಾ. “ಅಲ್ಲೇ ಮೂಲ್ಯಾಗ ಇಡು.”