ಮೂರು ಎಂದು ಕೂಗುವವನು

ಯುದ್ಧ ಮುಗಿದ ಮರುವರ್ಷ ನಮ್ಮ ವಾಂಗ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಹುಡುಗರಿಗಿಂತ ಮುದುಕರೇ ಹೆಚ್ಚಾಗಿದ್ದರು. ಮುದುಕರು ಎಂದರೆ ಇಪ್ಪತ್ತೈದು ದಾಟಿದವರು. ಸರ್ಕಾರದ ಖರ್ಚಿನಲ್ಲಿ ಓದಲು ಬಂದ ಮಾಜಿ ಸೈನಿಕರು. ಕೆಲವರಿಗೆ ಮದುವೆಯಾಗಿತ್ತು, ಒಬ್ಬನಿಗೆ ಮಂಡಿ ಮಡಿಸಲು ಬರುತ್ತಿರಲಿಲ್ಲ. ಯಾರೂ ಯುದ್ಧದ ಮಾತೆತ್ತುತ್ತಿರಲಿಲ್ಲ. ಡಕೋಟಾದ ನಮ್ಮ ನಾರ್ವೆ ಮೂಲದ ಜನ ಮೊದಲಿನಿಂದಲೂ ಹಾಗೆ. ಎದುರಿಗಿರುವವನ ಮೂಗೇ ಕಳೆದುಹೋಗಿದ್ದರೂ ಈ ವರ್ಷ ಹಿಮ ಬೇಗ ಬೀಳುವ ಹಾಗಿದೆ ಎಂದು ಮಾತಾಡಿ ಮನೆಗೆ ಹೋಗುತ್ತಾರೆ.

ನನಗಂತೂ ಈ ಮೌನದಿಂದ ಬಹಳ ಅನುಕೂಲವಾಯಿತು. ನಾನು ಯುದ್ಧ ಮಾಡಿದ್ದು ಲಿವರ್‌ಪೂಲ್ ಬಂದರಿನಲ್ಲಿ, ಲಾರಿಗಳ ಹಿಂದೆ ನಿಂತು "ಬಾ, ಬಾ, ಬಾ, ನಿಲ್ಲು" ಎಂದು ಕೂಗುತ್ತ. ಒಂದು ಸಲ "ನಿಲ್ಲು" ಎನ್ನುವುದು ತುಸು ತಡವಾಯಿತು. ಹಾಗಾಗಿ ನನ್ನಿಂದ ಶತ್ರುವಿಗೆ ಆದ ನಷ್ಟ ಏನೂ ಇಲ್ಲ. ನಮ್ಮ ಸೈನ್ಯಕ್ಕೆ ಒಂದು ಲಾರಿ. ಆದರೆ ಗಂಟಲು ಮಾತ್ರ ಪಳಗಿ ಮನೆಗೆ ಬಂತು. ಕೋಚ್ ಬ್ರೆಕ್ಕೆ ಅದನ್ನು ಕೇಳಿ, ತಲೆಯಾಡಿಸಿ, ನನ್ನನ್ನು ಕ್ವಾರ್ಟರ್‌ಬ್ಯಾಕ್ ಮಾಡಿದರು.

ಈಗಿನ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಎಂದರೆ ತಂಡದ ನಾಯಕನಿದ್ದಂತೆ; ಆದರೆ ನನ್ನ ಹುದ್ದೆಯ ಹೆಸರು ಕೇಳಿ ಯಾರೂ ಬೆರಗಾಗಬೇಕಿಲ್ಲ. ನಾವು ಆಡುತ್ತಿದ್ದ ಹಳೆಯ ಪದ್ಧತಿಯಲ್ಲಿ ಕ್ವಾರ್ಟರ್‌ಬ್ಯಾಕ್‌ನ ಕೈಗೆ ಚೆಂಡೇ ಬರುತ್ತಿರಲಿಲ್ಲ. ಸಾಲಿನ ನಡುವೆ ಬಗ್ಗಿ ನಿಂತವನು ಅದನ್ನು ಕಾಲುಗಳ ಸಂದಿಯಿಂದ ನೇರವಾಗಿ ಹಿಂದಿರುವ ಓಟಗಾರನಿಗೆ ಎಸೆಯುತ್ತಿದ್ದ; ಓಟಗಾರ ಅದನ್ನು ಅವುಚಿಕೊಂಡು ಎದುರಾಳಿಗಳ ಗೋಲು ಗೆರೆಯತ್ತ ಓಡುತ್ತಿದ್ದ. ನನಗೆ ಇದ್ದದ್ದು ಎರಡು ಕೆಲಸ. ಯಾವ ಆಟ ಎಂದು ತಿಳಿಸಿ "ಒಂದು, ಎರಡು, ಮೂರು" ಎಂದು ಕೂಗುವುದು; ಆಮೇಲೆ ಎದುರಾಳಿಗಳಲ್ಲಿ ಎಲ್ಲರಿಗಿಂತ ದಪ್ಪಗಿದ್ದವನ ಕೆಳಗೆ ಹೋಗಿ ಬೀಳುವುದು. ಮೂರು ಎಂದೊಡನೆ ಚೆಂಡು ಏಳಬೇಕು, ನಮ್ಮ ಸಾಲು ನುಗ್ಗಬೇಕು. ಚೆಂಡು ಅಲುಗುವ ಮುಂಚೆ ಎದುರಿನವರು ಎರಡು ಸಾಲುಗಳ ನಡುವಿನ ಗೆರೆ ದಾಟಿದರೆ ಅವರು ಐದು ಗಜ ಹಿಂದೆ ಹೋಗಬೇಕು. ನಾನು ಯಾವಾಗಲೂ ಮೂರಕ್ಕೇ ನಿಲ್ಲುತ್ತಿದ್ದೆ. ಬೇರೆ ತಂಡದವರು ಒಮ್ಮೆ ಎರಡು, ಒಮ್ಮೆ ನಾಲ್ಕು ಎಂದು ಬದಲಾಯಿಸುತ್ತಿದ್ದರಂತೆ. ನನಗೆ ಅಷ್ಟೆಲ್ಲ ನೆನಪಿಡುವ ಶಕ್ತಿ ಇರಲಿಲ್ಲ.

ನಮ್ಮ ಓಟಗಾರ ಐನಾರ್. ಇಟಲಿಯಲ್ಲಿ ಫಿರಂಗಿಗಳ ಪಕ್ಕ ಎರಡು ಚಳಿಗಾಲ ಕಳೆದು ಬಂದವನು. ಆಗಸ್ಟಿನಲ್ಲಿ ಒಂದು ದಿನ ಊಟದ ಮೇಜಿನಲ್ಲಿ ಅವನ ಎಡಕ್ಕೆ ಕೂತು ಬೆಣ್ಣೆ ಕೇಳಿದೆ. ಕೊಡಲಿಲ್ಲ. ಮತ್ತೆ ಕೇಳಿದೆ. ಅವನು ಸಮಾಧಾನವಾಗಿ ಆಲೂಗಡ್ಡೆ ತಿನ್ನುತ್ತಲೇ ಇದ್ದ. ನಮ್ಮಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರೂ ಬೆಣ್ಣೆ ಕೊಡುತ್ತಾರೆ. ನನಗೆ ಅರ್ಥವಾಯಿತು. ಊಟವಾದ ಮೇಲೆ ಅವನನ್ನು ಹೊರಗೆ ಕರೆದೆ.

"ಎಡಗಿವಿ ಪೂರ್ತಿ ಹೋಗಿದೆ," ಎಂದ ಐನಾರ್. "ಬಲಗಿವಿ ಅರ್ಧ. ಗಲಾಟೆ ಇದ್ರೆ ಅದೂ ಇಲ್ಲ. ಕೋಚ್‌ಗೆ ಹೇಳ್ಬೇಡ ಕಣೋ ಸೀವರ್ಟ್."

"ಯಾಕೆ? ಕೋಚ್ ಏನಂತಾರೆ?"

"ಕೋಚ್ ಏನೂ ಅನ್ನಲ್ಲ, ಆದ್ರೆ ಸುದ್ದಿ ಹಬ್ಬತ್ತೆ. ಹೊರ್ಟನ್ ಊರಿನ ಹೈಸ್ಕೂಲಲ್ಲಿ ಪಾಠ ಹೇಳಿ ಹುಡುಗರಿಗೆ ಆಟ ಕಲಿಸೋ ಕೆಲ್ಸ ಇದೆ. ಮನೇನೂ ಕೊಡ್ತಾರೆ. ಅಲ್ಲಿನ ಶಾಲೆಗಳ ಸೂಪರಿಂಟೆಂಡೆಂಟ್ ಲಿಂಡಾಲ್ ಅಂತ, ಕೊನೇ ಪಂದ್ಯ ನೋಡೋಕೆ ಬರ್ತಾರಂತೆ. ಕಿವುಡ ಮೇಷ್ಟ್ರನ್ನ ಯಾರು ಇಟ್ಕೋತಾರೆ ಹೇಳು? ಹೆಂಡ್ತಿ ಸೋಲ್ವೆಗ್‌ಗೆ ಈಗ ಐದನೇ ತಿಂಗಳು. ನಾವಿರೋದು ತಗಡಿನ ಗಾಡಿಮನೇಲಿ."

ಆ ಕ್ಷಣದಲ್ಲಿ ನಾನು ದೊಡ್ಡ ಮನುಷ್ಯನಾದೆ. ಜೀವನದಲ್ಲಿ ಮೊದಲ ಬಾರಿಗೆ ನನ್ನ ಗಂಟಲಿಗೆ ಒಂದು ಉದ್ದೇಶ ಸಿಕ್ಕಿತ್ತು. ನಾನು ನಿಲ್ಲುವ ಜಾಗ ಐನಾರ್‌ನ ಬಲಕ್ಕೆ, ಮುಂದೆ. ಇನ್ನಷ್ಟು ಗಟ್ಟಿಯಾಗಿ ಕೂಗಿದರೆ ಅವನ ಅರ್ಧ ಕಿವಿಗೆ ಬಿದ್ದೇ ಬೀಳುತ್ತದೆ. ಯಾರಿಗೂ ತಿಳಿಯುವುದಿಲ್ಲ. ರಾತ್ರಿ ಕನ್ನಡಿಯೆದುರು ನಿಂತು, ಒಬ್ಬ ಗೆಳೆಯನ ಬದುಕನ್ನು ಗಂಟಲಲ್ಲಿ ಹೊತ್ತವನ ಮುಖ ಹೇಗಿರುತ್ತದೆ ಎಂದು ನೋಡಿಕೊಂಡದ್ದೂ ಉಂಟು. ಸಾಮಾನ್ಯವಾದ ಮುಖವೇ ಆಗಿತ್ತು.

ಸೆಪ್ಟೆಂಬರಿನಿಂದ ನಾನು ಕೂಗಿದ ಕೂಗಿಗೆ ಮೈದಾನದ ಆಚೆಯ ಜೋಳದ ಹೊಲದಿಂದ ಕಾಗೆಗಳು ಏಳುತ್ತಿದ್ದವು. ನಮ್ಮ ಪುಟ್ಟ ಲೀಗಿನ ಕಾಲೇಜುಗಳಲ್ಲೆಲ್ಲ ನನ್ನ ದನಿ ಪ್ರಸಿದ್ಧವಾಯಿತು. ಅಚ್ಚರಿಯೆಂದರೆ ಎದುರಾಳಿಗಳು ಮತ್ತೆ ಮತ್ತೆ ಮುಂಚೆಯೇ ನುಗ್ಗಿ ದಂಡ ತೆರುತ್ತಿದ್ದರು. ನನ್ನ ದನಿಯ ಅಧಿಕಾರಕ್ಕೆ ಅವರು ತತ್ತರಿಸುತ್ತಿದ್ದಾರೆ ಎಂದುಕೊಂಡೆ. ಒಂದೇ ಕೊರತೆಯೆಂದರೆ ನಡುವೆ ನಿಂತು ಚೆಂಡು ಎಸೆಯುವ ಟೋಸ್ಟೆನ್. ಅವನು ಪ್ರತಿ ಸಲವೂ ಮೂರಕ್ಕಿಂತ ಕೂದಲೆಳೆಯಷ್ಟು ತಡ. ನಾನು ಬೈಯಲಿಲ್ಲ. ಸೋಮವಾರ ಸಂಜೆ ಅವನನ್ನು ಪಕ್ಕಕ್ಕೆ ಕರೆದು ತಾಳ್ಮೆಯಿಂದ ಎಣಿಸಲು ಕಲಿಸುತ್ತಿದ್ದೆ. ಅವನು ಗಣಿತದ ಕೊನೆಯ ವರ್ಷದಲ್ಲಿದ್ದ. "ಒಂದು, ಎರಡು, ಮೂರು," ಎಂದು ನನ್ನ ಜೊತೆ ವಿನಯದಿಂದ ಹೇಳುತ್ತಿದ್ದ.

"ಈಗ ಬಂತಾ?" ಎಂದು ಕೇಳುತ್ತಿದ್ದೆ.

"ಬರ್ತಾ ಇದೆ," ಎನ್ನುತ್ತಿದ್ದ ಟೋಸ್ಟೆನ್.

ಕೊನೆಯ ಪಂದ್ಯ ನವೆಂಬರಿನಲ್ಲಿ, ನಮ್ಮದೇ ಮೈದಾನದಲ್ಲಿ, ಆಲ್ಡರ್ ಕಾಲೇಜಿನ ವಿರುದ್ಧ. ಅದಕ್ಕೆ ಎರಡು ದಿನ ಮುಂಚೆ ಚರ್ಚಿನ ನೆಲಮಾಳಿಗೆಯಲ್ಲಿ ವರ್ಷದ ಲುಟೆಫಿಸ್ಕ್ ಊಟ. ಒಣಗಿಸಿದ ಮೀನನ್ನು ಬೂದಿನೀರಿನಲ್ಲಿ ನೆನೆಸಿ, ತೊಳೆದು, ಬೇಯಿಸಿ ಬಡಿಸುತ್ತಾರೆ. ತಿಂದವರು ಚೆನ್ನಾಗಿದೆ ಎನ್ನುತ್ತಾರೆ. ನಾನು ಮೊದಲೇ ಹೇಳಿದೆನಲ್ಲ, ನಮ್ಮವರು ನಿಜ ಹೇಳುವುದಿಲ್ಲ. ಮೂರು ಜಿಲ್ಲೆಗಳ ಜನ ಬಂದು ಬೀದಿಯವರೆಗೆ ಸಾಲು ನಿಲ್ಲುತ್ತಾರೆ. ಮುಂದಿನ ಪಂಕ್ತಿಯವರನ್ನು ಕೂಗಿ ಕರೆಯಲು ಒಬ್ಬ ಬೇಕು. ಈ ಸಲ ಪಾದ್ರಿಗಳ ಹೆಂಡತಿಯೇ ನನ್ನ ಬಳಿ ಬಂದರು.

"ನಿನ್ನಂಥಾ ದನಿ ಇಡೀ ಊರಲ್ಲಿ ಇಲ್ವಂತಲ್ಲಪ್ಪ," ಎಂದರು.

ಇಲ್ಲ ಎನ್ನಲು ನಾನೇನು ಸಂತನೇ? ಹಿಮ ಬೆರೆತ ಜಡಿಮಳೆಯಲ್ಲಿ ಮೆಟ್ಟಿಲ ಮೇಲೆ ನಿಂತು ಸಂಜೆಯಿಡೀ ಕೂಗಿದೆ. ಶುಕ್ರವಾರ ಮೂಗು ಸುರಿಯತೊಡಗಿತು. ಶನಿವಾರ ಬೆಳಿಗ್ಗೆ ಎದ್ದು ಗುಡ್ ಮಾರ್ನಿಂಗ್ ಎಂದರೆ ಬಾಗಿಲ ಕೆಳಗಿನಿಂದ ಗಾಳಿ ನುಸುಳಿದಂತೆ ಒಂದು ಸದ್ದು ಬಂತು. ಬಿಸಿನೀರು, ಉಪ್ಪು, ಜೇನು, ಪ್ರಾರ್ಥನೆ, ಯಾವುದಕ್ಕೂ ಗಂಟಲು ತೆರೆಯಲಿಲ್ಲ.

ಕೋಚ್‌ಗೆ ಹೇಳಿದರೆ ಬೇರೊಬ್ಬನನ್ನು ನಿಲ್ಲಿಸುತ್ತಾರೆ. ಅವನ ಸಣ್ಣ ದನಿ ಐನಾರ್‌ಗೆ ಕೇಳಿಸುವುದಿಲ್ಲ. ಗುಟ್ಟು ಲಿಂಡಾಲ್‌ರ ಕಣ್ಣೆದುರೇ ಒಡೆಯುತ್ತದೆ. ಹೇಳದಿದ್ದರೂ ಒಡೆಯುತ್ತದೆ. ನಾನು ಏನೂ ಹೇಳದೆ ಚರ್ಮದ ಶಿರಸ್ತ್ರಾಣ ಹಾಕಿಕೊಂಡೆ. ಹೇಳಲು ದನಿಯೂ ಇರಲಿಲ್ಲವೆನ್ನಿ.

ಮೈದಾನ ಕೆಸರಿನ ಗದ್ದೆಯಾಗಿತ್ತು. ಬೆಂಚಿನ ಹಿಂದೆ ಕಪ್ಪು ಓವರ್‌ಕೋಟಿನ ಲಿಂಡಾಲ್ ಒಬ್ಬರೇ ನಿಂತಿದ್ದರು. ಅವರು ಸ್ವೀಡನ್ ಮೂಲದವರು, ಅಂದರೆ ನಾರ್ವೆಯವರಾದ ನಮಗೆ ಹಳೆಯ ದಾಯಾದಿಗಳು. ಆದರೂ ಮರ್ಯಾದಸ್ಥರು ಎಂದು ಊರಲ್ಲಿ ಮಾತಿತ್ತು. ತಂಡ ನನ್ನ ಸುತ್ತ ಗುಂಪುಗೂಡಿತು. ಆಟದ ಸಂಖ್ಯೆಯನ್ನು ಬೆರಳಲ್ಲಿ ತೋರಿಸಿದೆ. ಎಲ್ಲರೂ ನನ್ನ ಬೆರಳು ನೋಡಿದರು, ನನ್ನ ಮೂಗು ನೋಡಿದರು, ಏನೂ ಕೇಳದೆ ಹೋಗಿ ಸಾಲಾಗಿ ನಿಂತರು.

ಎದುರಿಗೆ ಆಲ್ಡರ್‌ನ ಸಾಲಿನಲ್ಲಿದ್ದ ದಪ್ಪನೆಯ ಆಟಗಾರ, ಕೆಂಪು ಕತ್ತಿನವನು, ನನ್ನನ್ನೇ ನೋಡಿ ಹಲ್ಲು ಬಿಟ್ಟ. "ಏನಯ್ಯಾ ಗಾಯಕ, ಶುರು ಮಾಡು ನಿನ್ನ ಕಛೇರಿ. ನಿನ್ನ ಕೇಳೋಕಂತಲೇ ಬಂದಿದೀವಿ."

ಬಾಯಿ ತೆರೆದೆ. ಎದೆಯ ಬಲವನ್ನೆಲ್ಲ ಹಾಕಿದೆ. ಏನೂ ಬರಲಿಲ್ಲ. ಐನಾರ್‌ನ ಮನೆ, ಸೋಲ್ವೆಗ್, ಹುಟ್ಟದ ಮಗು ಎಲ್ಲವೂ ಆ ಕೆಸರಲ್ಲಿ ಮುಳುಗುತ್ತಿರುವುದನ್ನು ಕಂಡೆ. ನಾನು ಹಾಗೆ ಕಾಣುತ್ತಿರುವಾಗಲೇ ಯಾರೋ ನನ್ನನ್ನು ಕೆಡವಿ ತುಳಿದುಕೊಂಡು ಹೋದರು. ತಲೆಯೆತ್ತಿ ನೋಡಿದರೆ ಐನಾರ್ ಚೆಂಡಿನ ಸಮೇತ ಏಳು ಗಜ ಮುಂದಿದ್ದ.

ಅದೃಷ್ಟ ಎಂದುಕೊಂಡೆ. ಮುಂದಿನ ಸಲವೂ ಹಾಗೆಯೇ ಆಯಿತು. ಅದರ ಮುಂದಿನ ಸಲವೂ. ಮುಂಚಿಗಿಂತ ಒಂದಿಷ್ಟೂ ಹೆಚ್ಚು ಕಡಿಮೆಯಿಲ್ಲದೆ ಆಟ ನಡೆಯುತ್ತಿತ್ತು. ಈ ಅದೃಷ್ಟ ನನಗೆ ಒಳಗೊಳಗೇ ಚುಚ್ಚತೊಡಗಿತು.

ವಿರಾಮದಲ್ಲಿ, ನಾವು ಬಟ್ಟೆ ಬದಲಾಯಿಸುತ್ತಿದ್ದ ಕೊಟ್ಟಿಗೆಯ ಬೆಂಚಿನ ಮೇಲೆ ಟೋಸ್ಟೆನ್‌ನ ತೋಳು ಹಿಡಿದು ಪಿಸುಗುಟ್ಟಿದೆ: "ಹೇಗೆ?"

ಟೋಸ್ಟೆನ್ ಐನಾರ್‌ನ ಕಡೆ ನೋಡಿದ. ಐನಾರ್ ತನ್ನ ಬೂಟಿನ ಲಾಡಿ ನೋಡಿದ.

"ನಾನು ಬಗ್ಗಿದಾಗ ಹಿಂದೆ ನೋಡ್ತಿರ್ತೀನಲ್ಲ," ಎಂದ ಟೋಸ್ಟೆನ್ ಕೊನೆಗೆ. "ಐನಾರ್ ಬೆರಳು ಆಡಿಸ್ತಾನೆ. ಆಗ ಚೆಂಡು ಬಿಡ್ತೀನಿ. ಚೆಂಡು ಅಲುಗಿದ್ರೆ ಮಿಕ್ಕವ್ರು ಅಲುಗ್ತಾರೆ."

"ಇವತ್ತಾ?"

"ಸೆಪ್ಟೆಂಬರಿಂದ."

"ಕಿವಿ ವಿಷ್ಯ ಎಲ್ರಿಗೂ ಗೊತ್ತಿತ್ತಾ?"

"ನಮ್ ಜೊತೆ ಊಟಕ್ಕೆ ಕೂತ್ಕೋತಾನಲ್ಲಪ್ಪ ಅವ್ನು. ನಮಗೂ ಬೆಣ್ಣೆ ಬೇಕಾಗತ್ತೆ."

"ಮತ್ತೆ ನನ್ನ ಕೂಗು?"

ಈಗ ಐನಾರ್ ತಲೆಯೆತ್ತಿದ. ಅವನಿಗೆ ಕೇಳಿಸಿರಲಿಲ್ಲ, ನನ್ನ ತುಟಿ ನೋಡಿದ್ದ. "ಅದು ನನಗೆ ಯಾವತ್ತೂ ಕೇಳ್ಸಿಲ್ಲ ಕಣೋ. ಆದ್ರೆ ನೀನು ಮೂರು ಅಂದಾಗ ನಿನ್ನ ಅಂಡು ಮೇಲೇಳತ್ತೆ. ಅದನ್ನ ನೋಡ್ಕೊಂಡು ಬೆರಳು ಆಡಿಸ್ತಿದ್ದೆ. ನೀನು ಅಷ್ಟು ಕಷ್ಟಪಟ್ಟು ಕೂಗ್ತಿದ್ದೆ. ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ."

ಒಂದು ಇಡೀ ಋತು ನನ್ನ ಗೆಳೆಯನ ಬದುಕನ್ನು ಹೊತ್ತದ್ದು ಗಂಟಲಲ್ಲ, ಅಂಡು. ಸೋಮವಾರದ ಪಾಠಗಳು ನೆನಪಾದವು.

"ಎದುರಿನವರು ಮೂರಕ್ಕೆ ನುಗ್ತಿದ್ರಲ್ಲ," ಎಂದು ಟೋಸ್ಟೆನ್ ಸಮಾಧಾನ ಹೇಳಲು ನೋಡಿದ. "ಅದು ನಿನ್ನ ಕೂಗಿಂದಾನೇ. ಚೆಂಡು ಬರೋದು ಆಮೇಲೆ ಅಂತ ಅವ್ರಿಗೆ ಗೊತ್ತಿರ್ಲಿಲ್ಲ. ನಿನಗೂ ಹೇಳೋಣ ಅಂದ್ವಿ. ಕೋಚ್ ಬೇಡ ಅಂದ್ರು."

ಕೋಚ್ ಬ್ರೆಕ್ಕೆ ಬಾಗಿಲಲ್ಲಿ ಟೋಪಿ ಹಿಡಿದು ನಿಂತಿದ್ದರು. ಅವರ ತಂದೆ ಪಾದ್ರಿಯಾಗಿದ್ದರು. ಅವರೂ ಪಾದ್ರಿಯಾಗುವ ಓದಿನಲ್ಲಿ ಅರ್ಧ ದಾರಿ ಹೋಗಿ ಹಿಂದಿರುಗಿದವರು. ಪಂದ್ಯದ ನಡುವೆ ಬೆಂಚಿನಿಂದ ಆಟ ಹೇಳಿಕೊಡಬಾರದು ಎಂಬ ಆಗಿನ ನಿಯಮವನ್ನು ಅವರು ಊಟದ ಮನೆಯಲ್ಲೂ ಪಾಲಿಸುತ್ತಿದ್ದರು. ಈಗ ಗಂಟಲು ಸರಿಮಾಡಿಕೊಂಡರು.

"ಗೊತ್ತಿದ್ದು ಕೂಗಿದ್ರೆ ಮೋಸ ಆಗತ್ತೆ, ಸೀವರ್ಟ್. ಗೊತ್ತಿಲ್ದೆ ಕೂಗಿದ್ರೆ ಅದು ಬರೀ ಕೂಗು. ನೀನು ಪ್ರಾಮಾಣಿಕವಾಗಿ ಕೂಗ್ತಿದ್ದೆ."

ಆ ವರ್ಷ ಅವರ ಬಾಯಿಂದ ನಾನು ಕೇಳಿದ ಅತಿ ಉದ್ದನೆಯ ಮಾತು ಅದು. ಹೇಳಿ ಹೊರಟುಹೋದರು. ಇಡೀ ತಂಡ ಸುಳ್ಳು ಹೇಳದೆ ಐದೈದು ಗಜ ಗೆಲ್ಲಲು ಅಜ್ಞಾನಿಯೊಬ್ಬ ಬೇಕಾಗಿತ್ತು. ಆ ಹುದ್ದೆಗೆ ನನ್ನಷ್ಟು ಅರ್ಹ ಇನ್ನೊಬ್ಬನಿರಲಿಲ್ಲ.

ಎರಡನೆಯ ಅರ್ಧದಲ್ಲೂ ಎರಡೂ ಕಡೆ ಅಂಕವಿಲ್ಲ. ಕತ್ತಲಾಗುವ ಹೊತ್ತಿಗೆ ನಾವು ಆಲ್ಡರ್‌ನ ಗೋಲು ಗೆರೆಯ ಹತ್ತಿರಕ್ಕೆ ಬಂದಿದ್ದೆವು. ತಂಡಕ್ಕೆ ಸಿಗುವ ನಾಲ್ಕು ಯತ್ನಗಳಲ್ಲಿ ಮೂರು ಮುಗಿದಿದ್ದವು. ಗೆರೆ ಮುಟ್ಟಲು ಇನ್ನೂ ನಾಲ್ಕು ಗಜ ಬೇಕಿತ್ತು. ಐನಾರ್ ಬಳಲಿದ್ದ. ಬೆಂಚಿನ ಹಿಂದೆ ಲಿಂಡಾಲ್ ಗಡಿಯಾರ ನೋಡುತ್ತಿದ್ದರು, ಹೊರ್ಟನ್‌ಗೆ ಹೋಗುವ ಕೊನೆಯ ರೈಲಿಗಾಗಿ ಇರಬೇಕು. ಹಳೆಯ ಕೂಗು ಒಂದೇ ಒಂದು ಸಲ ಬಂದರೆ ಆ ದಪ್ಪನೆಯವನು ನುಗ್ಗುತ್ತಿದ್ದ. ಆದರೆ ಬರುವುದಿಲ್ಲ. ಬಂದರೂ ಈಗ ಅದು ಮೋಸ.

ಬಗ್ಗಿ ನಿಂತೆ. ಎಲ್ಲ ಕಡೆ ಮೌನ. ಮಳೆ ಕೂಡ ಸದ್ದಿಲ್ಲದೆ ಬೀಳುತ್ತಿತ್ತು. ಅಂಥ ಮೌನದಲ್ಲಿ ಮನುಷ್ಯ ತನ್ನ ಬಗ್ಗೆ ಏನಾದರೂ ಆಳವಾದದ್ದನ್ನು ಯೋಚಿಸಬೇಕು. ನಾನು ಯೋಚಿಸಲು ಹೊರಟಿದ್ದೆ. ಅಷ್ಟರಲ್ಲಿ ಮೂಗಿನ ಬುಡದಲ್ಲಿ ಕಚಗುಳಿಯಾಯಿತು, ಮತ್ತು ನಾನು ಸೀನಿದೆ.

ಗುರುವಾರದಿಂದ ಕಟ್ಟಿಕೊಂಡಿದ್ದ ದನಿಯೆಲ್ಲ ಆ ಸೀನಿನಲ್ಲಿ ಹೊರಟಿತು. ಕಾಗೆಗಳು ಎದ್ದವು. ಕೆಂಪು ಕತ್ತಿನವನು ಗುಂಡು ಹಾರಿದಂತೆ ಬೆಚ್ಚಿ ನುಗ್ಗಿ ನಮ್ಮ ಸಾಲಿನ ಮೇಲೆ ಬಂದು ಬಿದ್ದ. ಐನಾರ್‌ಗೆ ಏನೂ ಕೇಳಿಸಿರಲಿಲ್ಲ. ಬೆರಳು ಅಲುಗಿರಲಿಲ್ಲ, ಚೆಂಡು ಇದ್ದಲ್ಲೇ ಇತ್ತು.

ಸೀಟಿ ಮೊಳಗಿತು. "ಇವ್ನು ಬೇಕಂತ ಮಾಡಿದ್ದು ಸ್ವಾಮೀ!" ಎಂದು ಬಿದ್ದವನು ಬೊಬ್ಬೆ ಹಾಕಿದ. ರೆಫರಿ ಬಂದು ನನ್ನ ಮುಖವನ್ನು ಪರೀಕ್ಷಿಸಿದರು. ಸಾಕ್ಷ್ಯ ನನ್ನ ಮೂಗಿನಿಂದ ಗದ್ದದವರೆಗೆ ಇಳಿದಿತ್ತು.

"ದೇವರು ಕಾಪಾಡಲಿ," ಎಂದು, ಸೀನಿದವರಿಗೆ ನಮ್ಮಲ್ಲಿ ಹೇಳುವಂತೆ, ನನಗೆ ಹೇಳಿ, ಐದು ಗಜಕ್ಕೆ ಜಾಗವಿಲ್ಲದ್ದರಿಂದ ಆಲ್ಡರ್‌ನವರ ಕಡೆಗೆ ಉಳಿದದ್ದರ ಅರ್ಧ, ಎರಡು ಗಜ, ಅಳೆದರು.

ಮುಂದಿನ ಸಲ ನಾನು ಸದ್ದಿಲ್ಲದೆ ಅಂಡು ಎತ್ತಿದೆ. ಐನಾರ್ ನನ್ನ ಬೆನ್ನ ಮೇಲೇ ಹೆಜ್ಜೆಯಿಟ್ಟು ಗೆರೆ ದಾಟಿದ. ಗೆರೆ ದಾಟಿದ್ದಕ್ಕೆ ಆರು ಅಂಕ ಸಿಕ್ಕಿ ಪಂದ್ಯ ಆರು ಸೊನ್ನೆಗೆ ಮುಗಿಯಿತು. ಆ ಸೀನು ಪೂರ್ತಿ ತಾನಾಗಿಯೇ ಬಂತೇ, ತಡೆಯಬಹುದಾಗಿದ್ದನ್ನು ನಾನು ಒಂಚೂರು ಬಿಟ್ಟುಕೊಟ್ಟೆನೇ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಮೂಗು ಈವರೆಗೆ ಉತ್ತರ ಕೊಟ್ಟಿಲ್ಲ.

ಎಲ್ಲರೂ ಐನಾರ್‌ನ ಸುತ್ತ ಇದ್ದಾಗ ಲಿಂಡಾಲ್ ಕೆಸರಲ್ಲಿ ನಡೆದು ಬಂದು ಅವನ ಎಡಗಡೆ ನಿಂತು ಏನೋ ಹೇಳಿದರು. ಐನಾರ್ ಎದುರಿಗೆ ನೋಡುತ್ತಲೇ ಇದ್ದ. ಲಿಂಡಾಲ್ ಮತ್ತೆ ಹೇಳಿದರು. ಓಡಿ ಹೋಗಿ ಅವನನ್ನು ತಿರುಗಿಸಬೇಕೆಂದು ಹೊರಟೆ; ಕೋಚ್ ನನ್ನ ತೋಳು ಹಿಡಿದರು.

ಅಷ್ಟರಲ್ಲಿ ಐನಾರ್ ಕಣ್ಣಂಚಿನಲ್ಲಿ ಕಪ್ಪು ಕೋಟು ಕಂಡು, ತಬ್ಬಿಬ್ಬಾಗಿ, ಬಲಗಿವಿ ಅವರ ಕಡೆ ಬರುವ ಹಾಗೆ ಸುತ್ತು ಹಾಕಿ ನಿಂತ. ಲಿಂಡಾಲ್ ಕೂಡ ಒಂದು ಹೆಜ್ಜೆ ಸುತ್ತು ಹಾಕಿ ತಮ್ಮ ಬಲಗಿವಿಯನ್ನು ಅವನ ಕಡೆ ತಂದರು. ಐನಾರ್ ಮತ್ತೆ ಸರಿದ. ಅವರೂ ಸರಿದರು. ಇಬ್ಬರೂ ಕತ್ತು ಓರೆ ಮಾಡಿಕೊಂಡು, ಕೆಸರು ಪಚಪಚ ಎನ್ನಿಸುತ್ತ, ಮದುವೆಯಲ್ಲಿ ಕುಣಿತ ಬಾರದವರು ಕುಣಿದಂತೆ ಮೈದಾನದ ನಡುವೆ ಒಂದು ಪೂರ್ತಿ ಸುತ್ತು ಬಂದರು. ಲಿಂಡಾಲ್ ಹಿಂದಿನ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಫಿರಂಗಿಗಳ ಪಕ್ಕ ಇದ್ದರೆಂದು ಎಲ್ಲೋ ಕೇಳಿದ್ದೆ.

ಕೊನೆಗೆ ಇಬ್ಬರೂ ಮುಖಾಮುಖಿ ನಿಂತು ಒಬ್ಬರ ತುಟಿ ಒಬ್ಬರು ನೋಡಿದರು. ಲಿಂಡಾಲ್‌ರ ಮುಖದಲ್ಲಿ ಏನೋ ಸಡಿಲವಾಯಿತು.

"ಭೂಗೋಳಾನೂ ಕಲಿಸ್ಬೇಕಾಗತ್ತೆ!" ಎಂದು ಅರಚಿದರು. ಮೈದಾನದ ಆಚೆಯ ಜೋಳದ ಹೊಲಕ್ಕೂ ಕೇಳಿಸುವಂತಿತ್ತು.

"ಕಲಿಸ್ತೀನಿ ಸರ್!" ಎಂದು ಐನಾರ್ ಅಷ್ಟೇ ಜೋರಾಗಿ ಅರಚಿದ.

"ಮನೆ ಸೋರತ್ತೆ!"

"ಪರ್ವಾಗಿಲ್ಲ ಸರ್!"

ಸುತ್ತ ನೂರಾರು ಜನರಿದ್ದರು. ಎಲ್ಲರೂ ಏನೊಂದೂ ಕೇಳಿಸದವರಂತೆ ತಲೆ ತಗ್ಗಿಸಿ, ತಮ್ಮ ತಮ್ಮ ಬೂಟಿನ ಕೆಸರನ್ನು ಗಮನವಿಟ್ಟು ನೋಡುತ್ತ ನಿಂತರು. ಟೋಸ್ಟೆನ್ ಆಕಾಶದ ಕಡೆ ನೋಡಿ, ಈ ವರ್ಷ ಹಿಮ ಬೇಗ ಬೀಳೋ ಹಾಗಿದೆ, ಅಲ್ವಾ, ಎಂದ. ನಾನು ತಲೆಯಾಡಿಸಿದೆ.