ಬೀಗರ ಊರಿನ ನೀರು

ಧನೌಟಾದ ಗಡಿ ಶುರುವಾಗುವುದು ಕಾಲುವೆ ಸೇತುವೆಯಿಂದ. ಸೇತುವೆಗೆ ಈಚೆ, ಪಕ್ಕದ ಊರಿನ ನೆಲದಲ್ಲಿ, ಒಂದು ಕೈಪಂಪಿದೆ. ರಿಸಾಲ್ ಸಿಂಗ್ ಬಸ್ಸನ್ನು ಅಲ್ಲೇ ನಿಲ್ಲಿಸಲು ಹೇಳಿ ಇಳಿದ. ಗಂಟನ್ನು ಬೇಲಿಗೆ ಸಿಕ್ಕಿಸಿ, ಪಂಪು ಒತ್ತಿ ಒತ್ತಿ ಹೊಟ್ಟೆ ಬಿರಿಯುವಷ್ಟು ನೀರು ಕುಡಿದ. ಏಳು ವರ್ಷದಿಂದ ಹೀಗೇ. ಮಗಳನ್ನು ಕೊಟ್ಟ ಊರಲ್ಲಿ ಹೆತ್ತವನು ಹನಿ ನೀರು ಮುಟ್ಟುವ ಹಾಗಿಲ್ಲ. ಬೀಗರ ಮನೆಯದ್ದು ಮಾತ್ರವಲ್ಲ, ಆ ಊರಿನ ಯಾವ ಬಾವಿಯದ್ದೂ ಇಲ್ಲ, ಯಾವ ಅಂಗಡಿಯದ್ದೂ ಇಲ್ಲ. ಕನ್ಯಾದಾನ ಮಾಡಿಯಾಯಿತು, ಕೊಟ್ಟ ಕಡೆಯಿಂದ ತೆಗೆದುಕೊಳ್ಳುವುದು ಎಲ್ಲಿಂದ ಬಂತು? ಈಗಿನ ಕೆಲವರು ಬೀಗರ ಮನೆಯಲ್ಲಿ ಟೀ ಕುಡಿದು ಮೀಸೆ ಒರೆಸಿಕೊಂಡು ಬರುತ್ತಾರೆ, ಅದು ಅವರ ಹಣೆಬರಹ. ರಿಸಾಲ್ ಆ ಪೈಕಿಯವನಲ್ಲ.

ಗಂಟಿನಲ್ಲಿ ಘೇವರ್ ಸಿಹಿ ಇತ್ತು, ಒಂದು ಹಸಿರು ಸೀರೆ ಇತ್ತು. ಹೆಣ್ಣುಮಕ್ಕಳು ತವರಿಗೆ ಬರುವ ಶ್ರಾವಣದ ತೀಜ್ ಹಬ್ಬಕ್ಕೆ ಇನ್ನು ಮೂರೇ ದಿನ. ಹದಿನೈದು ದಿನದ ಹಿಂದೆಯೇ ಬೀಗರಿಗೆ ಕಾರ್ಡು ಬರೆದಿದ್ದ, ಗುರುವಾರದ ಸಂತೆಯ ದಿನ ಬಂದು ರಾಮ್‌ರತಿಯನ್ನು ಕರೆದೊಯ್ಯುತ್ತೇನೆ ಅಂತ. ಮನೆಯಲ್ಲಿ ಅವಳನ್ನು ಕರೆಯುವುದು ರತ್ತೋ ಅಂತ. ಹೊರಡುವಾಗ ಹೆಂಡತಿ ಬಾಗಿಲಲ್ಲಿ ಅಡ್ಡ ನಿಂತಿದ್ದಳು. "ರತ್ತೋನ ಬಿಟ್ಟು ನೀವೊಬ್ಬರೇ ಬರೋ ಹಾಗಿದ್ರೆ ಬರ್ಲೇಬೇಡಿ" ಅಂದಿದ್ದಳು. ಅವಳಿಗೆ ಹೋಳಿಯಂದಿನ ಸಂಗತಿ ಗೊತ್ತಿತ್ತು. ಹೋಳಿಗೆ ಬಂದಾಗ ರತ್ತೋ ಹೆಬ್ಬಾಗಿಲ ತನಕ ಬಂದು ಅಪ್ಪನ ತೋಳು ಹಿಡಿದು, "ಅಪ್ಪಾ, ಈಗ್ಲೇ ಕರ್ಕೊಂಡ್ ಹೋಗು" ಅಂದಿದ್ದಳು. ಇವನು, "ಗೋಧಿ ಕೊಯ್ಲಿದೆ ಕಣಮ್ಮ, ಶ್ರಾವಣ ಬರ್ಲಿ" ಅಂದು ಬಿಡಿಸಿಕೊಂಡು ಬಂದಿದ್ದ. ಗೋಧಿ ಕೊಯ್ದದ್ದೂ ಆಯಿತು, ಮಾರಿದ್ದೂ ಆಯಿತು. ಆ ತೋಳಿನ ಮೇಲಿನ ಹಿಡಿತ ಮಾತ್ರ ಹೋಗಿರಲಿಲ್ಲ.

ಮಳೆ ಕೈಕೊಟ್ಟ ಶ್ರಾವಣ ಅದು. ಮೋಡ ಇದೆ, ಗಾಳಿ ಇಲ್ಲ, ಮೈಯೆಲ್ಲ ಅಂಟು. ಸಂತೆ ತುಂಬಿತ್ತು. ಹಗ್ಗ, ಕುಡುಗೋಲು, ಹಾಗಲಕಾಯಿ, ಮೇಕೆ, ಬಣ್ಣದ ಜೋಕಾಲಿ ಹಗ್ಗ ಎಲ್ಲ ರಸ್ತೆಯ ಮೇಲೇ. ಮೂಲೆಯಲ್ಲಿ ಮಿಠಾಯಿ ಅಂಗಡಿಯ ಘಸೀಟಾ ಜಿಲೇಬಿ ಬಿಡುತ್ತಿದ್ದ. ಈ ಘಸೀಟಾನ ಬಾಯಿ ಅಂದರೆ ಇಡೀ ಧನೌಟಾಕ್ಕೆ ಗೊತ್ತು. ರಿಸಾಲ್ ಬಂದಾಗಲೆಲ್ಲ, "ಚೌಧರಿ, ಜಿಲೇಬಿ ತಿನ್ನೋ ಹಾಗಿಲ್ಲ, ಸರಿ. ನಿಂತು ವಾಸನೆ ಎಳ್ಕೊಳ್ಳಿ, ಅದಕ್ಕೆ ಯಾವ ಶಾಸ್ತ್ರನೂ ಅಡ್ಡಿ ಇಲ್ಲ" ಅನ್ನುವನು. ಸುತ್ತಲಿನವರು ನಗುವರು, ರಿಸಾಲ್ ಕೂಡ ನಗುವನು.

ಇವತ್ತು ಘಸೀಟಾ ಇವನನ್ನು ಕಂಡು ಜಾಲರಿ ಸೌಟನ್ನು ಕೆಳಗಿಟ್ಟ. ಮಡಕೆಯಿಂದ ಒಂದು ಲೋಟ ನೀರು ಬಗ್ಗಿಸಿ ಹಲಗೆಯ ಮೇಲಿಟ್ಟ.

"ಸೆಕೇಲಿ ಬಂದಿದೀರಿ. ಕುಡೀರಿ ಚೌಧರಿ."

ರಿಸಾಲ್ ತಮಾಷೆ ಅಂದುಕೊಂಡು ನಕ್ಕ. ಜೊತೆಗೆ ಯಾರೂ ನಗಲಿಲ್ಲ.

"ಏನಯ್ಯ, ತಲೆ ಕೆಟ್ಟಿದ್ಯಾ? ನಾನು ಯಾರು ಅಂತ ಮರೆತುಹೋಯ್ತಾ?"

"ಮರೆತಿಲ್ಲ" ಅಂದು ಘಸೀಟಾ ಬಾಣಲೆಯ ಕಡೆ ತಿರುಗಿದ. "ಬೀಗರ ಮನೆಗೆ ಹೋಗಿ ಬನ್ನಿ. ಲೋಟ ಇಲ್ಲೇ ಇರತ್ತೆ."

ಸ್ವಲ್ಪ ಮುಂದೆ ಸೈಕಲ್ ರಿಪೇರಿಯವನು ಸ್ಟೂಲಿನಿಂದ ಎದ್ದು ನಿಂತು ತನ್ನ ಬಾಟಲಿ ಚಾಚಿದ. "ಒಂದ್ ಗುಟುಕು ಕುಡೀರಿ, ಹಿರಿಯರು." ಅವನ ಮುಖದಲ್ಲಿ ಕರುಣೆ ಇತ್ತು. ರಿಸಾಲ್ ಬಾಟಲಿ ಮುಟ್ಟಲಿಲ್ಲ. ಮಗಳಿರುವ ಊರು ಇದು ಅಂತ ಗೊತ್ತಿದ್ದೂ ನೀರು ಕೊಡುತ್ತಾರೆಂದರೆ ಏನರ್ಥ? ಆ ಯೋಚನೆಯನ್ನು ಪೂರ್ತಿ ಮಾಡಲು ಅವನಿಗೆ ಧೈರ್ಯ ಬರಲಿಲ್ಲ. ಹೆಜ್ಜೆ ಜೋರು ಮಾಡಿದ.

ಬೀಗರ ಓಣಿಯ ಬಾಯಲ್ಲಿ, ಬೇವಿನ ಮರದ ಕೆಳಗೆ, ನಸೀಬನ್ ಬಳೆ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಊರಿನ ಹೆಂಗಸರ ಕೈ ಅಳತೆಯೆಲ್ಲ ಈ ಮುದುಕಿಗೆ ಬಾಯಿಪಾಠ. ಸಂತೆಯಿಲ್ಲದ ದಿನ ಮನೆ ಮನೆಗೂ ಹೋಗಿ ತೊಡಿಸಿ ಬರುವಳು. ಪ್ರತಿ ಶ್ರಾವಣದಲ್ಲೂ ರಿಸಾಲ್ ಮಗಳಿಗೆ ಒಂದು ಡಜನ್ ಹಸಿರು ಬಳೆ ಕೊಳ್ಳುವುದು ಇವಳ ಹತ್ತಿರವೇ. ಇವತ್ತೂ ಕೇಳಿದ. ನಸೀಬನ್ ತಲೆ ಎತ್ತಲಿಲ್ಲ, ನೀರಿನ ಮಾತೂ ಎತ್ತಲಿಲ್ಲ. ಅಷ್ಟಕ್ಕೇ ಅವನಿಗೆ ಅರ್ಧ ಜೀವ ಬಂದಂತಾಯಿತು.

"ಕೈ ಈಗ ಸಣ್ಣ ಆಗಿದೆ. ಚಿಕ್ಕ ಅಳತೆ ಕೊಡ್ತೀನಿ ಅಣ್ಣಾ" ಎಂದು ಪೊಟ್ಟಣ ಕಟ್ಟಿಕೊಟ್ಟಳು. ಆಮೇಲೆ ಇನ್ನೂ ತಗ್ಗಿದ ದನಿಯಲ್ಲಿ, "ನಿನ್ನ ಹಟ ಬಿಡ್ಬೇಡ" ಅಂದಳು. ರಿಸಾಲನಿಗೆ ಇದಾವುದೂ ಸರಿಯಾಗಿ ತಲೆಗೆ ಹೋಗಲಿಲ್ಲ. ಅವನ ಕಣ್ಣು ಓಣಿಯೊಳಗಿನ ಹೆಬ್ಬಾಗಿಲ ಮೇಲಿತ್ತು.

ಬೀಗ ಹರ್‌ಚಂದ್ ಅಂಗಳದಲ್ಲಿ ಕಾಯುತ್ತಲೇ ಇದ್ದ. ಒಬ್ಬನೇ ಅಲ್ಲ. ಹಗ್ಗದ ಮಂಚಗಳ ಮೇಲೆ ಊರಿನ ನಾಲ್ಕು ಜನ ಹಿರಿಯರು, ನಡುವೆ ಹುಕ್ಕಾ. ಮಗಳನ್ನು ಕರೆದೊಯ್ಯಲು ಬಂದ ಅಪ್ಪನಿಗೆ ನಾಲ್ಕು ಜನ ಸಾಕ್ಷಿ ಏಕೆ? ಅಂಗಳದ ಮೂಲೆಯಲ್ಲಿ ಗೋಧಿಯ ಹೊಟ್ಟನ್ನು ರಾಶಿ ಹಾಕಿದ್ದರು. ಶ್ರಾವಣದಲ್ಲಿ ಯಾವ ರೈತ ಹೊಟ್ಟನ್ನು ಬಯಲಿಗೆ ಹಾಕುತ್ತಾನೆ, ಒಂದು ಮಳೆ ಬಿದ್ದರೆ ಎಲ್ಲ ಗೊಬ್ಬರ, ಅಂತ ರಿಸಾಲನ ರೈತಬುದ್ಧಿಗೆ ಹೊಳೆಯಿತು. ಹೊಟ್ಟು ತುಂಬುವ ಮೇವಿನ ಕೋಣೆ ಅಲ್ಲೇ ಎದುರಿಗಿತ್ತು, ಬಾಗಿಲು ಹಾಕಿತ್ತು.

"ಕೂತ್ಕೊಳ್ಳಿ ಬೀಗ್ರೇ" ಅಂದ ಹರ್‌ಚಂದ್.

"ರತ್ತೋ ಎಲ್ಲಿ?"

"ಮೊದ್ಲು ಕೂತ್ಕೊಳ್ಳಿ."

"ಜಗ್ಬೀರ್ ಎಲ್ಲಿ? ನನ್ನ ಅಳಿಯ?"

"ಟ್ರ್ಯಾಕ್ಟರಿಗೆ ಡೀಸೆಲ್ ತರೋಕೆ ಹೋಗಿದಾನೆ." ಹರ್‌ಚಂದ್ ಗಂಟಲು ಸರಿಮಾಡಿಕೊಂಡ. "ಹೇಗೆ ಹೇಳ್ಲಿ ಬೀಗ್ರೇ. ನಿಮ್ಮ ಮಗಳು ನಮ್ಮಿಬ್ಬರ ಮುಖಕ್ಕೂ ಮಸಿ ಬಳಿದು ಹೋದ್ಳು. ಎರಡು ತಿಂಗಳಾಯ್ತು. ಇಟ್ಟಿಗೆ ಲಾರಿ ಡ್ರೈವರ್ ಒಬ್ಬ ಇದ್ದ, ಅವನ ಜೊತೆ. ನಾವು ಹುಡುಕದ ಜಾಗ ಇಲ್ಲ. ಪೊಲೀಸು ಗಿಲೀಸು ಅಂದ್ರೆ ನಿಮ್ಮ ಮಾನನೂ ಹೋಗುತ್ತೆ ಅಂತ ಬಾಯಿ ಮುಚ್ಕೊಂಡು ಕೂತ್ವಿ. ಇವರನ್ನೇ ಕೇಳಿ."

ನಾಲ್ವರೂ ತಲೆಯಾಡಿಸಿದರು. ಅವರಿಗೆ ಹೇಳಿದ್ದನ್ನು ಅವರು ನಂಬಿದ್ದರು.

ರಿಸಾಲ್ ಮಂಚದ ತುದಿಯಲ್ಲಿ ಕೂತ. ಹೋಳಿಯ ದಿನ ತೋಳು ಹಿಡಿದದ್ದು ಇದಕ್ಕಾ? ಅಪ್ಪ ಕರೆದೊಯ್ಯದಿದ್ದರೆ ಇನ್ನೊಬ್ಬ ಕರೆದೊಯ್ಯುತ್ತಾನೆ ಅಂತಲಾ? ನಾಚಿಕೆ ಕಾಲಿನಿಂದ ತಲೆಯವರೆಗೆ ಏರಿತು, ಅದರ ಬೆನ್ನಿಗೇ ಕೋಪ. ತಾನೇ ಎತ್ತಿ ಆಡಿಸಿದ ಮಗಳನ್ನು ನಾಲ್ಕು ಮಾತಿಗೆ ಬಿಟ್ಟುಕೊಟ್ಟನಲ್ಲ ಈ ಮನುಷ್ಯ, ಒಂದು ಪ್ರಶ್ನೆ ಕೇಳಬಾರದಿತ್ತೆ? ಕೇಳಲಿಲ್ಲ. ಮಾನ ಹೋಯಿತೆಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಕಡೆಯ ಗಂಡಸರಿಗೆ ಬೇರೇನೂ ಕೇಳಿಸುವುದಿಲ್ಲ.

ಬೀಗತಿ ಮುಖದ ಮೇಲೆ ಸೆರಗು ಎಳೆದುಕೊಂಡು ಹಿತ್ತಾಳೆ ಲೋಟದಲ್ಲಿ ನೀರು ತಂದಳು. ಕೊಡುವಾಗ ಸ್ವಲ್ಪ ನೆಲಕ್ಕೆ ಚೆಲ್ಲಿತು.

"ಈ ಮನೇಲಿ ಇನ್ನು ನಿಮ್ಗೆ ಮಗಳಿಲ್ಲ" ಅಂದ ಹರ್‌ಚಂದ್. "ಇನ್ನು ಯಾತರ ಮಡಿ? ಕುಡೀರಿ."

ರಿಸಾಲ್ ಲೋಟ ತೆಗೆದುಕೊಂಡ. "ಸತ್ಳು ಅವಳು ನನ್ನ ಪಾಲಿಗೆ" ಅಂದು ಒಂದೇ ಉಸಿರಿಗೆ ಕುಡಿದ. ಏಳು ವರ್ಷದಲ್ಲಿ ಮೊದಲ ಸಲ ಧನೌಟಾದ ನೀರು ಅವನ ಗಂಟಲಿಗೆ ಇಳಿಯಿತು. ಉಪ್ಪು ಉಪ್ಪಾಗಿತ್ತು.

ಮೇವಿನ ಕೋಣೆಯೊಳಗೆ ಏನೋ ಧೊಪ್ಪೆಂದು ಬಿದ್ದ ಸದ್ದಾಯಿತು.

"ಹೆಗ್ಗಣದ ಕಾಟ" ಅಂದ ಹರ್‌ಚಂದ್. ಆಮೇಲೆ ಹಿರಿಯರ ಕಡೆ ತಿರುಗಿ, "ನೋಡಿದ್ರಲ್ಲ, ನೀರು ಕುಡಿದ್ರು. ಮುಂದಿನ ತಿಂಗಳು ಜಗ್ಬೀರನಿಗೆ ಬೇರೆ ಹೆಣ್ಣು ತರ್ತೀವಿ, ಬೀಗರ ತಕರಾರು ಏನೂ ಇಲ್ಲ" ಅಂದ. ಅವನ ದನಿ ಈಗ ಹಗುರವಾಗಿತ್ತು.

ರಿಸಾಲ್ ಹೇಗೆ ಎದ್ದ, ಸಂತೆಯನ್ನು ಹೇಗೆ ದಾಟಿದ, ಅವನಿಗೇ ನೆನಪಿಲ್ಲ. ಸೇತುವೆಯ ಮೇಲೆ ಬಂದು ನಿಂತಾಗ ಕೈಯಲ್ಲಿ ಗಂಟು ಇನ್ನೂ ಇತ್ತು. ಘೇವರನ್ನು ಕಾಲುವೆಗೆ ಎಸೆದ. ಸೀರೆ ಎಸೆದ, ಅದು ಅರಳಿಕೊಂಡು ತೇಲಿಹೋಯಿತು. ಬಳೆಯ ಪೊಟ್ಟಣ ಬಿಚ್ಚಿದ. ರತ್ತೋ ಮದುವೆಗೆ ಮುಂಚೆ ತನ್ನ ಬಳೆಯನ್ನು ಅಪ್ಪನ ಕೈಗೆ ತೂರಿಸಿ ಆಟವಾಡುತ್ತಿದ್ದಳು. ಅವಳ ಅಳತೆಯ ಬಳೆ ಇವನ ಬೆರಳ ಗೆಣ್ಣು ದಾಟಿ ಅಂಗೈ ಮೇಲೆ ನಿಲ್ಲುತ್ತಿತ್ತು. ಆಮೇಲೆ ಕೊಂಡಾಗಲೆಲ್ಲ ಹೀಗೇ ತೂರಿಸಿ ನೋಡುವುದು ಅವನಿಗೆ ರೂಢಿಯಾಗಿತ್ತು. ಇವತ್ತೂ ಕೈ ತನ್ನಷ್ಟಕ್ಕೆ ಅದನ್ನೇ ಮಾಡಿತು. ಬಳೆ ಬೆರಳ ಬುಡಕ್ಕೂ ಬರಲಿಲ್ಲ.

ಕೈ ಈಗ ಸಣ್ಣ ಆಗಿದೆ, ಅಂದಿದ್ದಳು ನಸೀಬನ್.

ಎರಡು ತಿಂಗಳ ಹಿಂದೆ ಓಡಿಹೋದವಳ ಕೈ ಈಗ ಸಣ್ಣ ಆಗಿದೆ ಅಂತ ಅವಳಿಗೆ ಹೇಗೆ ಗೊತ್ತು?

ಬಳೆಗಳನ್ನು ಜೇಬಿಗೆ ಹಾಕಿಕೊಂಡು ಅವನು ಬೇವಿನ ಮರದ ಹತ್ತಿರ ತಿರುಗಿ ಬಂದಾಗ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ನಸೀಬನ್ ಅವನ ಮುಖ ನೋಡಿದಳು. ಅವಳು ಕೇಳಿದ್ದು ಒಂದೇ ಮಾತು.

"ಕುಡಿದ್ಯಾ?"

ಅವನು ತಲೆಯಾಡಿಸಿದ. ಮುದುಕಿ ಹಣೆ ಹಣೆ ಚಚ್ಚಿಕೊಂಡಳು.

"ಅಯ್ಯೋ ಪಾಪಿ. ಯಾವ ಅಪ್ಪನೂ ಕುಡಿಯಲ್ಲ ಅಂತ ನಾನು ಬಾಯಿ ಮುಚ್ಕೊಂಡು ಕೂತಿದ್ದೆನಲ್ಲೋ. ನೀನು ಕುಡಿಯದೆ ಕೂತ್ರೆ ನಾಲ್ಕು ಜನ ಸೇರ್ತಾರೆ, ಅವಳಾಗೇ ಕೂಗ್ತಾಳೆ, ನನ್ನ ಹೆಸರು ಬರಲ್ಲ ಅಂದ್ಕೊಂಡಿದ್ದೆ. ಅವರು ಇರೋ ಓಣೀಲೇ ನಾನೂ ಬದುಕ್ಬೇಕಲ್ಲ."

"ಎಲ್ಲಿದಾಳೆ?"

"ಮೇವಿನ ಕೋಣೇಲಿ. ಹಿಂದಿನ ಓಣಿ ಕಡೆ ಗಾಳಿ ಕಿಂಡಿ ಇದೆ. ಸೋಮವಾರ ಹೋಗ್ತಾ ಇದ್ದೆ, ಕಿಂಡಿಯಿಂದ ಕೈ ಬಂದು ನನ್ನ ಸೆರಗು ಹಿಡ್ಕೊಳ್ತು. ಮುಖ ಕಾಣ್ಲಿಲ್ಲ, ಮಣಿಕಟ್ಟು ಕಂಡೆ, ಸಾಕಾಯ್ತು. ಗಂಡ ಬೇರೆಯವಳನ್ನ ಗೊತ್ತು ಮಾಡಿದಾನೆ. ಇವಳು ಮನೆ ಬಿಟ್ಟು ಹೋಗಲ್ಲ ಅಂದ್ಳು, ಕೂಗಿದ್ರೆ ಕೊಲ್ತೀವಿ ಅಂತ ಒಳಗೆ ಹಾಕಿದ್ರು. ಧೈರ್ಯಕ್ಕೆ ಇರ್ಲಿ ಅಂತ ಎರಡು ಬಳೆ ತೊಡಿಸಿದ್ರೆ ಹಳೇ ಅಳತೆದು ಜಾರಿ ಬಿದ್ದೋಯ್ತು." ಅವಳು ಕಣ್ಣೊರೆಸಿಕೊಂಡಳು. "ಇವತ್ತು ಬೆಳಿಗ್ಗೆ ಕಿಂಡಿ ಹತ್ರ ಹೋಗಿ ಹೇಳಿ ಬಂದೆ ಅಣ್ಣಾ. ನಿಮ್ಮಪ್ಪ ಬರ್ತಾನೆ, ಬಾಗಿಲ ಸಂದೀಲಿ ನೋಡ್ತಾ ಇರು, ನೀರು ಬೇಡ ಅಂದ ತಕ್ಷಣ ಕೂಗು ಅಂತ. ಅವಳು ನೋಡಿರ್ತಾಳೆ."

ರಿಸಾಲನ ಕಿವಿಯಲ್ಲಿ ಆ ಧೊಪ್ಪೆಂಬ ಸದ್ದು ಮತ್ತೆ ಕೇಳಿಸಿತು.

"ಇಷ್ಟು ದಿನ ಅವಳನ್ನ ಉಳಿಸಿದ್ದು ನೀನು ಬಂದು ಕೇಳ್ತೀಯ ಅನ್ನೋ ಅವರ ಭಯ" ಅಂದಳು ನಸೀಬನ್. "ಈಗ ಕೇಳೋನು ನೀರು ಕುಡಿದು ಹೋದ. ಟ್ರ್ಯಾಕ್ಟರಿಗೆ ಡೀಸೆಲ್ ಯಾಕೆ ತುಂಬಿಸ್ತಾ ಇದಾರೆ ಅಂತೀಯ? ಕತ್ತಲಾಗ್ಲಿ ಅಂತ ಕಾಯ್ತಾ ಇದಾರೆ."

ಅವನು ಓಡಲಿಲ್ಲ. ಸಂತೆಯ ನಡುವೆ ನಿಂತು, "ಘಸೀಟಾ, ಬಾ ನನ್ ಜೊತೆ" ಅಂದ. ಅವನ ಮುಖ ಕಂಡು ಘಸೀಟಾ ಯಾಕೆ ಅಂತ ಕೇಳಲಿಲ್ಲ. ಸೈಕಲ್ ರಿಪೇರಿಯವನೂ ಎದ್ದ. ಹಿಂದೆ ಇನ್ನೂ ಕೆಲವರು ಬಂದರು, ಸಂತೆಯ ಜನಕ್ಕೆ ಇನ್ನೇನು ಬೇಕು.

ಹೆಬ್ಬಾಗಿಲಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಜಗ್ಬೀರ್ ಟ್ರಾಲಿಗೆ ಖಾಲಿ ಗೋಣಿಚೀಲ ಹಾಕುತ್ತಿದ್ದವನು ಮಾವನನ್ನು ಕಂಡು ಕೈ ನಿಲ್ಲಿಸಿದ. ಹಿರಿಯರು ಇನ್ನೂ ಹುಕ್ಕಾ ಸೇದುತ್ತಿದ್ದರು.

"ಏನು ಬೀಗ್ರೇ, ಏನಾದ್ರೂ ಮರೆತ್ರಾ?" ಅಂದ ಹರ್‌ಚಂದ್.

"ಹೌದು."

ರಿಸಾಲ್ ನೇರ ಮೇವಿನ ಕೋಣೆಯ ಮುಂದೆ ಹೋಗಿ ಮೊಣಕಾಲೂರಿದ. ಬಾಗಿಲಿಗೆ ಹೊಸ ಬೀಗ ಇತ್ತು. ಅವನು ಎರಡು ಬೆರಳನ್ನು ಗಂಟಲಿಗೆ ತುರುಕಿಕೊಂಡ. ಮೊದಲು ಬರೀ ಓಕರಿಕೆ ಬಂತು, ಕಣ್ಣು ಕೆಂಪಾಯಿತು. ಮತ್ತೆ ತುರುಕಿದ. ನೀರು ಬಂತು, ಪಂಪಿನದ್ದೋ ಬೀಗರದ್ದೋ, ಎಲ್ಲ ಬಂತು, ಹೊಸ್ತಿಲ ಮುಂದೆ ಹರಡಿಕೊಂಡಿತು. ಹೊಟ್ಟೆ ಖಾಲಿಯಾಗಿ ಹಳದಿ ಪಿತ್ತ ಬರುವವರೆಗೂ ಬಿಡಲಿಲ್ಲ.

"ರತ್ತೋ" ಅಂದ, ಬಾಗಿಲ ಸಂದಿಗೆ ಮುಖವಿಟ್ಟು. "ತಪ್ಪು ಮಾಡ್ದೆ ಕಣಮ್ಮ. ಎರಡು ಸಲ ಮಾಡ್ದೆ. ನೋಡು, ಇವರ ನೀರು ಇವರ ಅಂಗಳದಲ್ಲೇ ಬಿಟ್ಟೆ."

"ಹುಚ್ಚು ಹಿಡಿದಿದೆ ಇವರಿಗೆ" ಅಂದ ಹರ್‌ಚಂದ್. "ಯಾರಾದ್ರೂ ಹಿಡ್ಕೊಂಡು ಆಚೆ ಕರ್ಕೊಂಡ್ ಹೋಗಿ."

ಜಗ್ಬೀರ್ ಮುಂದೆ ಬಂದ. ಘಸೀಟಾ ಅವನಿಗೆ ಅಡ್ಡ ನಿಂತ.

ಒಳಗೆ ಸದ್ದಿಲ್ಲ. ರಿಸಾಲ್ ಕಿವಿಯಿಟ್ಟು ಕೇಳಿದ. ಉಸಿರಿನ ಸದ್ದೂ ಇಲ್ಲ. ತಡವಾಯಿತೇನೋ ಎಂದುಕೊಂಡ. ಜೇಬಿನಿಂದ ಒಂದು ಹಸಿರು ಬಳೆ ತೆಗೆದು ಬಾಗಿಲ ಕೆಳಗಿನ ಸಂದಿಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಇರುವಂತೆ ಸರಿಸಿದ. ಬಳೆ ಹಾಗೇ ಇತ್ತು. ಹಿರಿಯರಲ್ಲಿ ಒಬ್ಬ ಹುಕ್ಕಾದ ನಳಿಗೆಯನ್ನು ಬಾಯಿಂದ ತೆಗೆದು ಬಗ್ಗಿ ನೋಡಿದ.

ಬಳೆ ಅಲುಗಿತು. ನೆಲಕ್ಕೆ ಉಜ್ಜುತ್ತ, ನಿಧಾನವಾಗಿ, ಬಾಗಿಲ ಒಳಕ್ಕೆ ಹೋಯಿತು.

ರಿಸಾಲ್ ಎದ್ದು ನಿಂತು ಬೀಗನ ಮುಂದೆ ಕೈ ಚಾಚಿದ.

"ಕೀಲಿಕೈ ಕೊಡಿ" ಅಂದ.