ನಾನೂರ ಹನ್ನೆರಡು ಕಾರ್ಡು, ಒಂದು ಓರೆ ಗೆರೆ

೧೯೮೨ರ ಹೊತ್ತಿಗೆ ಜಯನಗರದಲ್ಲಿದ್ದ ಕಟ್ಟಡಗಳಲ್ಲಿ ಅರ್ಧ ಶಂಭುಲಿಂಗಪ್ಪನವರ ಲೆಕ್ಕದ ಮೇಲೆ ನಿಂತಿದ್ದವು, ಉಳಿದರ್ಧ ಅವರ ಬೈಗುಳಕ್ಕೆ ಹೆದರಿ ನಿಂತಿದ್ದವು. ನಾಲ್ಕನೇ ಬ್ಲಾಕಿನ ತಮ್ಮ ಡಿಸೈನ್ ಆಫೀಸಿನಲ್ಲಿ ಕೂತು ಅವರು ಲೆಕ್ಕದ ಜಾರುಪಟ್ಟಿ ಸ್ಲೈಡ್ ರೂಲನ್ನು ಎಳೆಯುವ ರಭಸಕ್ಕೆ ಅದರಿಂದ ಹೊಗೆಯೇಳುತ್ತಿತ್ತು. ಪಕ್ಕದ ಮನೆಯವರು ಎರಡು ಸಲ ಫೈರ್ ಎಂಜಿನ್ನಿಗೆ ಫೋನ್ ಮಾಡಿದ್ದುಂಟು.

ಅಂಥ ಆಫೀಸಿಗೆ ವಿಮಲಾ ಕೆಲಸ ಕಲಿಯಲು ಕಾಲಿಟ್ಟಳು. ಸಿವಿಲ್ ಎಂಜಿನಿಯರಿಂಗಿನ ಕೊನೆಯ ವರ್ಷ, ಮನೆ ಹತ್ತಿರದ ಯಡಿಯೂರಿನಲ್ಲಿ. ಅವಳ ಕಣ್ಣೆಲ್ಲ ಕಿಟಕಿ ಪಕ್ಕದ ಒಂದು ಮೇಜಿನ ಮೇಲೆ. ಅದು ಡಿಸೈನ್ ಮಾಡುವವರ ಮೇಜು. ವಿದ್ಯಾರ್ಥಿಗಳಿಗೆ ಆ ಆಫೀಸಿನಲ್ಲಿ ನಕ್ಷೆ ಟ್ರೇಸ್ ಮಾಡುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಹಿರಿಯ ಡ್ರಾಫ್ಟ್ಸ್‌ಮನ್ ಪಿಳ್ಳಪ್ಪನೇ ಇಪ್ಪತ್ತು ವರ್ಷದಿಂದ ಆ ಮೇಜಿನ ಮೇಲೆ ಕೈಯೂರಿದವನಲ್ಲ.

ಆದರೆ ವಿಮಲಾಳ ಬಳಿ ಒಂದು ವಿದ್ಯೆಯಿತ್ತು. ಕಾಲೇಜಿನಲ್ಲಿ ಯಾರೂ ಕಲಿಸದ ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಎರವಲು ಪುಸ್ತಕದಿಂದ ಆರು ತಿಂಗಳಲ್ಲಿ ಅರೆದು ಕುಡಿದಿದ್ದಳು. ಸಾರಿನ ರುಚಿ ನೋಡುವಾಗಲೂ ‘ಉಪ್ಪು ಸಾಲದಿದ್ದರೆ ಹತ್ತನೇ ಸಾಲಿಗೆ ವಾಪಸು ಹೋಗು’ ಎಂದು ಗೊಣಗುತ್ತಿದ್ದಳು. ಕಟ್ಟಡದ ಬೀಮು, ಕಂಬಗಳ ಮೇಲೆ ಬೀಳುವ ಭಾರದ ಲೆಕ್ಕವನ್ನು ಕಂಪ್ಯೂಟರ್ ನಿಮಿಷಗಳಲ್ಲಿ ಮಾಡುತ್ತದೆಂದು ಅವಳು ಒಂದು ದಿನ ಬಾಯಿಬಿಟ್ಟಳು. ಆಫೀಸಿನ ಫ್ಯಾನು ಕೂಡ ತಿರುಗುವುದನ್ನು ನಿಲ್ಲಿಸಿತು.

ಶಂಭುಲಿಂಗಪ್ಪನವರು ಕನ್ನಡಕ ತೆಗೆದು ನೋಡಿದರು.

“ಯಡಿಯೂರು ಕಲ್ಯಾಣಮಂಟಪದ ಲೆಕ್ಕ ನಾನು ಹನ್ನೊಂದು ದಿನ ಕೂತು ಮಾಡಿದೀನಿ. ನಿನ್ನ ಮಿಷೀನೂ ಮಾಡ್ಲಿ. ಸರಿ ಉತ್ತರ ತಂದ್ರೆ ಆ ಮೇಜು ನಿಂದು. ಇಲ್ದಿದ್ರೆ ಟ್ರೇಸಿಂಗ್ ಪೆನ್ನು ಹಿಡ್ಕೊಂಡು ತೆಪ್ಪಗಿರ್ಬೇಕು.”

ಕಂಪ್ಯೂಟರ್ ಇದ್ದದ್ದು ಊರಿನ ಇನ್ನೊಂದು ತುದಿಯ ಗಣಕ ಕೇಂದ್ರದಲ್ಲಿ. ವಿದ್ಯಾರ್ಥಿಗಳಿಗೆ ತಿಂಗಳಿಗೆ ಒಂದೇ ಸರದಿ. ಪ್ರೋಗ್ರಾಮಿನ ಒಂದೊಂದು ಸಾಲಿಗೂ ಒಂದೊಂದು ರಟ್ಟಿನ ಕಾರ್ಡಿನಲ್ಲಿ ತೂತು ಹೊಡೆದು ಕೊಡಬೇಕಿತ್ತು. ಒಂದು ಕಾರ್ಡು ಜಾಗ ತಪ್ಪಿದರೂ ಲೆಕ್ಕ ಕೆಟ್ಟಂತೆ. ವಿಮಲಾ ನಾನೂರ ಹನ್ನೆರಡು ಕಾರ್ಡು ಹೊಡೆದು ಬೂಟಿನ ಡಬ್ಬದಲ್ಲಿ ಸಾಲಾಗಿ ನಿಲ್ಲಿಸಿದಳು. ಕಾರ್ಡಿನ ಕೊನೆಯಲ್ಲಿ ಕ್ರಮಸಂಖ್ಯೆ ಹೊಡೆಯಬೇಕೆಂದು ಪುಸ್ತಕದಲ್ಲಿತ್ತು. ಅವಸರದಲ್ಲಿ ಅದನ್ನು ಮಾತ್ರ ಬಿಟ್ಟಳು.

ಅಷ್ಟರಲ್ಲಿ ಆಯುಧಪೂಜೆ ಬಂತು. ಅವಳ ಅಜ್ಜಿ ಈಶ್ವರಮ್ಮನ ಕೈಗೆ ಸಿಕ್ಕ ಯಾವ ವಸ್ತುವೂ ಆ ದಿನ ಅರಿಶಿನ ಕುಂಕುಮವಿಲ್ಲದೆ ಉಳಿಯುತ್ತಿರಲಿಲ್ಲ. ಇಳಿಗೆಮಣೆ, ಸೈಕಲ್ಲು, ಹೊಲಿಗೆ ಮಿಷೀನು ಆದಮೇಲೆ, ಗ್ಯಾಸ್ ಸಿಲಿಂಡರ್ ತಂದವನ ಹಣೆಗೂ ಒಂದು ಬೊಟ್ಟು ಬಿತ್ತು. ಸಂಜೆ ವಿಮಲಾ ಡಬ್ಬ ತೆರೆದು ನೋಡಿದಳು. ಅಜ್ಜಿ ಊದಿನಕಡ್ಡಿಯನ್ನು ಅರಿಶಿನದಲ್ಲಿ ಅದ್ದಿ, ಕಾರ್ಡುಗಳ ಮೇಲಂಚಿನ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಉದ್ದಕ್ಕೂ ಒಂದು ಗೆರೆ ಎಳೆದಿದ್ದಳು. ಕಣ್ಣಿಗೆ ಪೊರೆ ಬಂದಿದ್ದರಿಂದ ಗೆರೆ ಪೂರಾ ಓರೆ.

ವಿಮಲಾ ರೇಗಿದಳು. ಅಜ್ಜಿ ಸುಮ್ಮನೆ ಕೇಳಿದಳು:

“ನಿನ್ನ ಆಯುಧ ಇದೇ ಅಲ್ವೇನೇ?”

ವಿಮಲಾ ಡಬ್ಬ ಮುಚ್ಚಿ ಎತ್ತಿಟ್ಟಳು.

ಹಬ್ಬ ಮುಗಿದ ಮಾರನೆಯ ದಿನ ಹನ್ನೊಂದು ಗಂಟೆಗೆ ಅವಳ ಸರದಿ. ಬಸ್ಸು ಸೌತ್ ಎಂಡ್ ಸರ್ಕಲ್ಲಿನಲ್ಲಿ ಬ್ರೇಕ್ ಹಾಕಿತು. ಡಬ್ಬ ಹಾರಿತು. ನಾನೂರ ಹನ್ನೆರಡು ಕಾರ್ಡುಗಳು ಬಸ್ಸಿನ ತುಂಬ ಮಳೆಗರೆದವು. ಡ್ರೈವರನ ಜೇಬಿನಲ್ಲಿ ಮೂರು, ಒಬ್ಬ ಯಜಮಾನರ ಪೇಟದಲ್ಲಿ ಐದು. ಜನ ಒಂದನ್ನೂ ಬಿಡದೆ ಹೆಕ್ಕಿಕೊಟ್ಟರು. ಹೂವಿನ ಬುಟ್ಟಿಯ ಹೆಂಗಸೊಬ್ಬಳು ಒಂದನ್ನು ಬೆಳಕಿಗೆ ಹಿಡಿದು ಮರುಗಿದಳು.

“ಎಲ್ಲಾನೂ ಇಲಿ ಕಡ್ದೈತಲ್ಲವ್ವಾ. ಇನ್ನೇನ್ಕೆ ಬರ್ತದೆ?”

ಕೇಂದ್ರದ ಮೆಟ್ಟಿಲ ಮೇಲೆ ಕೂತ ವಿಮಲಾಳ ಮಡಿಲಲ್ಲಿ ಕಲಸಿದ ಕಾರ್ಡುಗಳ ರಾಶಿ, ಎದುರಿಗೆ ಒಂದು ಗಂಟೆಯ ಸಮಯ. ಕಿಟಕಿ ಪಕ್ಕದ ಮೇಜು ಕೈತಪ್ಪಿತು ಎಂದುಕೊಂಡಳು. ಆಗ ಒಂದು ಕಾರ್ಡಿನ ಅಂಚಿನ ಹಳದಿ ಚುಕ್ಕೆ ಕಣ್ಣಿಗೆ ಬಿತ್ತು. ಅದು ಎಡ ತುದಿಯಲ್ಲಿತ್ತು. ಇನ್ನೊಂದರಲ್ಲಿ ನಡುವೆ, ಮತ್ತೊಂದರಲ್ಲಿ ಬಲ ತುದಿಗೆ. ವಿಮಲಾ ಎದ್ದು ನಿಂತು ಮತ್ತೆ ಕೂತಳು. ಗೆರೆ ಓರೆಯಾಗಿದ್ದರಿಂದ ಪ್ರತಿ ಕಾರ್ಡಿನ ಚುಕ್ಕೆಯೂ ಹಿಂದಿನ ಕಾರ್ಡಿಗಿಂತ ಕೂದಲೆಳೆಯಷ್ಟು ಪಕ್ಕಕ್ಕಿತ್ತು. ಅಜ್ಜಿ ನೆಟ್ಟಗೆ ಎಳೆದಿದ್ದರೆ ಎಲ್ಲ ಚುಕ್ಕೆಯೂ ಒಂದೇ ಜಾಗದಲ್ಲಿರುತ್ತಿದ್ದವು.

ಅವಳ ಕೈ ಓಡಿದ ವೇಗಕ್ಕೆ ಮೆಟ್ಟಿಲ ಮೇಲೆ ಗಾಳಿಯೆದ್ದು ಕಾವಲುಗಾರನ ಟೋಪಿ ಹಾರಿತು. ಚುಕ್ಕೆ ನೋಡಿ ಜೋಡಿಸಿದಳು. ಅನುಮಾನ ಬಂದ ಕಡೆ ಬಾಯಿಪಾಠವಿದ್ದ ಸಾಲುಗಳನ್ನು ಓದಿ ಹಿಂದೆ ಮುಂದೆ ಮಾಡಿದಳು. ಹನ್ನೊಂದಕ್ಕೆ ಎರಡು ನಿಮಿಷವಿರುವಾಗ ಚಪ್ಪಲಿ ಹೊರಗೆ ಬಿಟ್ಟು, ದೇವಸ್ಥಾನಕ್ಕಿಂತ ತಂಪಾಗಿದ್ದ ಆ ಕೋಣೆಗೆ ನಡೆದಳು. ಯಂತ್ರ ಕಾರ್ಡುಗಳನ್ನು ಚಪ್ಪರಿಸಿ ನುಂಗಿತು. ನಾಲ್ಕು ನಿಮಿಷದಲ್ಲಿ ಉತ್ತರ ಬಂತು, ಯಡಿಯೂರು ಕೆರೆಗೆ ಎರಡು ಸುತ್ತು ಹಾಸಬಹುದಾದಷ್ಟು ಉದ್ದದ ಕಾಗದದಲ್ಲಿ.

ಶಂಭುಲಿಂಗಪ್ಪನವರು ತಮ್ಮ ಹಾಳೆಗಳನ್ನು ಪಕ್ಕದಲ್ಲಿಟ್ಟುಕೊಂಡು ಅಂಕಿಗೆ ಅಂಕಿ ತಾಳೆ ನೋಡಿದರು. ಎಲ್ಲ ಕೂಡಿಬಂತು, ಎರಡನೇ ಮಹಡಿಯ ಒಂದು ಬೀಮಿನ ಆಸುಪಾಸು ಬಿಟ್ಟು.

“ನಿನ್ನ ಮಿಷೀನು ಇಲ್ಲಿ ಎಡವಿದೆಯಮ್ಮ.”

ವಿಮಲಾ ಆ ಬೀಮಿನ ಅಂಕಿಯ ಮೇಲೆ ಬೆರಳಿಟ್ಟಳು.

“ಸಾರ್, ಅದು ಎಡವಿದ್ರೆ ಎಲ್ಲಾ ಕಡೆ ಎಡವುತ್ತೆ. ಒಂದೇ ಕಡೆ ಎಡವೋದು ಮನುಷ್ಯರು.”

ಪಿಳ್ಳಪ್ಪನ ಕೈಯಿಂದ ಪೆನ್ನು ಜಾರಿ ಬಿತ್ತು. ಶಂಭುಲಿಂಗಪ್ಪನವರು ಸ್ಲೈಡ್ ರೂಲ್ ಕೈಗೆತ್ತಿಕೊಂಡರು. ಎರಡು ಗಂಟೆ ಯಾರೂ ಉಸಿರಾಡಲಿಲ್ಲ. ಏಳನೇ ಹಾಳೆಯಲ್ಲಿ ಅವರ ಬೆರಳು ನಿಂತಿತು. ಬೀಮಿನ ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಿಸಬೇಕಾದ ಅಂಕಿಯೊಂದನ್ನು ಅವರೇ ದಾಟಿಸಿರಲಿಲ್ಲ. ಕೆಂಪು ಪೆನ್ಸಿಲ್ ತೆಗೆದುಕೊಂಡು ತಮ್ಮ ಲೆಕ್ಕವನ್ನು ತಾವೇ ಹೊಡೆದುಹಾಕಿದರು. ಆ ಬೀಮಿಗೆ ಎರಡು ಕಂಬಿ ಹೆಚ್ಚು ಬರೆದರು.

“ಪಿಳ್ಳಪ್ಪ, ಕಿಟಕಿ ಪಕ್ಕದ ಮೇಜಿನ ಮೇಲಿರೋ ನನ್ನ ಫೈಲುಗಳನ್ನ ಎತ್ತು. ಇವ್ರು ಕೂತ್ಕೋಬೇಕು.”

ಆ ಮಂಟಪ ಈಗಲೂ ಇದೆ. ಅಲ್ಲಿ ಮದುವೆಯಾದ ಗಂಡ ಹೆಂಡಿರು ಇವತ್ತಿನವರೆಗೆ ಜಗಳವಾಡಿಲ್ಲ, ಅಷ್ಟು ಗಟ್ಟಿ.

ಮರುವರ್ಷದ ಆಯುಧಪೂಜೆಗೆ ಆಫೀಸಿನಿಂದ ಈಶ್ವರಮ್ಮನಿಗೆ ಕರೆ ಹೋಯಿತು. ಮೇಜಿನ ಮೇಲೆ ಹೊಸ ಡಬ್ಬ, ಒಂಬೈನೂರು ಕಾರ್ಡು. ಅಜ್ಜಿಯ ಕೈ ನಡುಗುವುದನ್ನು ಕಂಡ ಪಿಳ್ಳಪ್ಪ ಸಹಾಯಕ್ಕೆಂದು ಸ್ಕೇಲು ತಂದ. ಶಂಭುಲಿಂಗಪ್ಪನವರು ಅದನ್ನು ಕಿತ್ತುಕೊಂಡು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.

“ಅಮ್ಮಾ, ನೀವು ನಿಮ್ಮ ಇಷ್ಟದ ಹಾಗೆ ಎಳೀರಿ.”